ಹತ್ತೊಂಬತ್ತರ ಬಾಟ್ಲಿ, ಒಂದು ಚಮಚ

ಸೋಮನಾಥನ ಅರ್ಧ ನಾಲಗೆಯನ್ನು ಮಂಗಳವಾರ ಬೆಳಿಗ್ಗೆ ತೆಗೆಯುವುದೆಂದು ತೀರ್ಮಾನವಾಗಿತ್ತು. ಯಾವ ಅರ್ಧ ಎಂದು ಡಾಕ್ಟರು ಬಿಡಿಸಿ ಹೇಳಿರಲಿಲ್ಲ. ರುಚಿ ನೋಡುವ ಅರ್ಧವೇ ಇರಬೇಕು, ಬಯ್ಯುವ ಅರ್ಧವಾಗಿದ್ದರೆ ನೀಲಾಂಬಿಕೆ ಯಾವಾಗಲೋ ಸಹಿ ಹಾಕಿರುತ್ತಿದ್ದಳು ಎಂದು ಅವನೇ ಫೋನಿನಲ್ಲಿ ಹೇಳಿದ. ನೀಲಾಂಬಿಕೆ ಅವನ ಹೆಂಡತಿ. ಸೋಮವಾರ ಎನ್.ಆರ್. ಪುರದಿಂದ ಘಟ್ಟದ ಕೆಳಗಿನ ಆಸ್ಪತ್ರೆಗೆ ಹೊರಡುವವರು ದಾರಿಯಲ್ಲಿ ಕೊಪ್ಪದಲ್ಲಿ ಇಳಿಯುವುದು, ಅಲ್ಲಿ ಅವನು ಹತ್ತೊಂಬತ್ತರ ಸ್ಟೌಟನ್ನು ಕೊನೆಯ ಸಲ ಕುಡಿದು ಹೋಗುವುದು ಎಂದಾಯಿತು.

ಸ್ಟೌಟ್ ಎಂದರೆ ಕಪ್ಪು ಬಿಯರು. ವಿಸ್ಕಿ ತುಂಬಿ ಖಾಲಿ ಮಾಡಿದ ಮರದ ಪೀಪಾಯಿಯಲ್ಲಿ ಅದನ್ನು ತಿಂಗಳುಗಟ್ಟಲೆ ಮಲಗಿಸಿಟ್ಟರೆ ಬೆಲೆ ಮೂರು ಪಟ್ಟಾಗುತ್ತದೆ, ಕುಡಿಯುವವರ ಮಾತು ಆರು ಪಟ್ಟಾಗುತ್ತದೆ. ಬೆಂಗಳೂರಿನಾಚೆ ಒಂದು ಸಣ್ಣ ಬ್ರೂವರಿಯವರು ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ ಇಂಥದ್ದನ್ನು ಬಿಡುಗಡೆ ಮಾಡುತ್ತಿದ್ದರು. ಎರಡು ಸಾವಿರದ ಹದಿನೆಂಟರಿಂದ ಇಪ್ಪತ್ತೊಂದರವರೆಗೆ ನಾಲ್ಕು ಸಲ ಮಾಡಿ ಬಾಗಿಲು ಹಾಕಿದರು. ಒಂದೊಂದು ವರ್ಷದ್ದು ಎರಡೆರಡು ಬಾಟ್ಲಿ ತರಿಸಿ, ಒಂದು ಒಡೆದು ಒಂದು ಇಟ್ಟುಕೊಂಡದ್ದು ಕೊಪ್ಪ, ಎನ್.ಆರ್. ಪುರ ಎರಡೂ ತಾಲ್ಲೂಕಿಗೆ ನಮ್ಮ ನಾಲ್ಕು ಜನರ ಸಂಘ ಒಂದೇ.

ಸೋಮನಾಥ ದನದ ಆಸ್ಪತ್ರೆಯ ಕಾಂಪೌಂಡರ್. ಮೇಗುಂದದ ಗಂಗಾಧರ ತಕ್ಕಡಿ ರಿಪೇರಿಯವನು. ಅವನು ಸುಳ್ಳು ಹೇಳಿದ್ದನ್ನು ಕಂಡವರಿಲ್ಲ, ಹೇಳಿದರೆ ಅವನ ಮೂಗಿನಿಂದ ರಕ್ತ ಬರುತ್ತದೆ. ಅನ್ವರ್ ಕೊಪ್ಪದಲ್ಲಿ ಪ್ರೆಸ್ ನಡೆಸುತ್ತಾನೆ, ಬಿಯರನ್ನು ಮೂಸಿಯೂ ನೋಡುವುದಿಲ್ಲ. ಅವನು ಸಂಘಕ್ಕೆ ಸೇರಿದ್ದು ಲೇಬಲ್ಲಿಗಾಗಿ. ನಾಲ್ಕನೆಯವನು ನಾನು, ಬಸ್ ಏಜೆಂಟ್. ಶೃಂಗೇರಿಯ ಹೊಳೆಯಲ್ಲಿ ಬಿದ್ದ ನನ್ನ ಕನ್ನಡಕವನ್ನು ಮೀನೊಂದು ಮೆಟ್ಟಿಲ ತನಕ ತಂದುಕೊಟ್ಟ ಸಂಗತಿಯನ್ನು ಹೇಳಿದಂದಿನಿಂದ ನನ್ನ ಮಾತಿಗೆ ಈ ಸೀಮೆಯಲ್ಲಿ ಬೆಲೆ ಇಲ್ಲ.

ಜಗಳ ಹುಟ್ಟಿದ್ದು ಹತ್ತೊಂಬತ್ತರ ಲೇಬಲ್ಲಿನಿಂದ. ಚಿನ್ನದ ಬಣ್ಣದಲ್ಲಿ ‘ಬ್ಯಾರೆಲ್ ಏಜ್ಡ್’, ಎಂದರೆ ಪೀಪಾಯಿಯಲ್ಲಿ ಮಾಗಿಸಿದ್ದು, ಎಂದಿತ್ತು. ಎಷ್ಟು ತಿಂಗಳು, ಯಾವ ಮರ ಎಂದಿರಲಿಲ್ಲ.

“ತಿಂಗಳು ಹಾಕಿಲ್ಲ ಅಂದ್ರೆ ಹಾಕೋ ಹಂಗಿಲ್ಲ ಅಂತ,” ಎಂದಿದ್ದ ಗಂಗಾಧರ. “ಪೀಪಾಯೀನೂ ಇಲ್ಲ, ಎಂತದೂ ಇಲ್ಲ. ಮರದ ಚೂರು ಬಟ್ಟೇಲಿ ಕಟ್ಟಿ ಅದ್ದಿದಾರೆ. ಟೀ ಬ್ಯಾಗ್ ಹಂಗೆ.”

“ನಿಂಗೆ ನಾಲಗೆ ಇದ್ಯನಾ?” ಎಂದಿದ್ದ ಸೋಮನಾಥ. “ಹಳೇ ಪೆಟ್ಟಿಗೆ ತೆಗೆದಂಗೆ ಮರದ ರುಚಿ ಬರ್ತದೆ ಮಾರಾಯ. ಪೀಪಾಯೀಲಿ ಮಲಗದೆ ಅದು ಬರಲ್ಲ.”

“ಚಿನ್ನದ ಅಕ್ಷರ ಫಾಯಿಲ್ ಹಾಳೆ ಒತ್ತಿದ್ದಲ್ಲ,” ಎಂದಿದ್ದ ಅನ್ವರ್. “ಹಳದಿ ಇಂಕು. ಅಲ್ಲಿಗೇ ಮೋಸ ಗೊತ್ತಾಗ್ತದೆ.”

ಇದೇ ಮೂರು ಮಾತನ್ನು ಆರು ವರ್ಷ ಆಡಿದೆವು. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಶುರುವಾದಾಗ ಬಾಳೆಹೊನ್ನೂರು ಬಸ್ಸಿನ ಡ್ರೈವರ್ ಇಳಿದು ಬಂದು ಸೋಮನಾಥನ ಪಕ್ಷ ವಹಿಸಿದ. ಕಂಡಕ್ಟರ್ ಗಂಗಾಧರನ ಪಕ್ಷ ಸೇರಿದ್ದರಿಂದ ಆ ಬಸ್ಸು ಅವತ್ತು ಹೊರಡಲೇ ಇಲ್ಲ. ಇಟ್ಟುಕೊಂಡಿದ್ದ ಇನ್ನೊಂದು ಬಾಟ್ಲಿ ಒಡೆದರೆ ತೀರ್ಮಾನವಾಗುತ್ತಿತ್ತು. ಆದರೆ ಸೋತವನ ಗತಿ ಏನು ಎಂದು ಇಬ್ಬರೂ ಮುಂದೂಡಿದರು. ಈಗ ಮುಂದೂಡಲು ನಾಲಗೆ ಇರಲಿಲ್ಲ.

ಸೋಮವಾರ ಹನ್ನೊಂದಕ್ಕೆ ಬಾಡಿಗೆ ಕಾರು ಪ್ರೆಸ್ಸಿನ ಮುಂದೆ ನಿಂತಿತು. ಸೋಮನಾಥನ ಎಡಗೆನ್ನೆ ಊದಿತ್ತು. ಅವನ ಮನೆಯಲ್ಲಿದ್ದ ನಾಲ್ಕು ಬಾಟ್ಲಿಗಳನ್ನು ನಾನು ಹಿಂದಿನ ದಿನವೇ ತಂದು ಅನ್ವರನಿಗೆ ಕೊಟ್ಟಿದ್ದೆ. ಅವನು ಕುಡಿಯದವರ ಕಾಳಜಿಯಿಂದ ಅವನ್ನು ಬಕೆಟ್ಟಿಗೆ ಹಾಕಿ, ಕತ್ತಿನವರೆಗೆ ಐಸ್ ಸುರಿದಿದ್ದ.

“ಎಂತಾ ಮಾಡ್ದೆ ಮಾರಾಯ!” ಗಂಗಾಧರ ತಲೆ ಚಚ್ಚಿಕೊಂಡ. “ಐಸಲ್ಲಿಟ್ರೆ ಇದ್ರ ಪರಿಮಳ ಸತ್ತೇ ಹೋಗ್ತದೆ.”

“ಬಿಯರ್ ಅಂದ್ರೆ ತಣ್ಣಗಿರ್ಬೇಕಲ್ವಾ?”

ಅದಕ್ಕಿಂತ ದೊಡ್ಡ ಅನಾಹುತ ಬಾಟ್ಲಿಗಳನ್ನು ಮೇಲೆತ್ತಿದಾಗ ಕಂಡಿತು. ಮೂರು ವರ್ಷದ ಹಿಂದೆ ಗಂಗಾಧರ, ಲೇಬಲ್ ಕಣ್ಣಿಗೆ ಬಿದ್ದರೆ ನಾಲಗೆ ಲಂಚ ತಿನ್ನುತ್ತದೆ ಎಂದು ವಾದಿಸಿ ನಾಲ್ಕೂ ಲೇಬಲ್‌ಗಳನ್ನು ಬಿಸಿನೀರಿನಲ್ಲಿ ಬಿಡಿಸಿದ್ದ. ಅವನ್ನು ಅನ್ವರ್ ಆಲ್ಬಮ್ಮಿಗೆ ಅಂಟಿಸಿಕೊಂಡಿದ್ದ. ಯಾವುದು ಯಾವ ವರ್ಷದ್ದೆಂದು ತಿಳಿಯಲು ಬಾಟ್ಲಿಯ ಮೇಲೆ ಒಂದರಿಂದ ನಾಲ್ಕರವರೆಗೆ ನಂಬರ್ ಬರೆದೆವು. ಬರೆಯಲು ಕೈಗೆ ಸಿಕ್ಕಿದ್ದು ಸೋಮನಾಥನ ಎಲೆಯಡಿಕೆ ಡಬ್ಬಿಯ ಸುಣ್ಣ. ಒಣಗಿದ ಮೇಲೆ ಕಲ್ಲಿನಂತೆ ಹಿಡಿದಿತ್ತು. ಈಗ ನಾಲ್ಕು ಬಾಟ್ಲಿಯಲ್ಲೂ ಒಂದು ನಂಬರೂ ಇರಲಿಲ್ಲ.

“ನಿನ್ನ ಐಸ್ ನೀರಲ್ಲಿ ತೊಳ್ದು ಹೋಯ್ತು,” ಎಂದು ಗಂಗಾಧರ ಅನ್ವರನ ಮೇಲೆ ಹರಿಹಾಯ್ದ.

“ಅಲ್ಲ,” ಎಂದ ಸೋಮನಾಥ. ಮಾತಾಡಿದರೆ ನೋಯುತ್ತಿತ್ತು, ಆದ್ದರಿಂದ ನಿಧಾನವಾಗಿ ಆಡಿದ. “ಡಬ್ಬೀಲಿ ಸುಣ್ಣ ಖಾಲಿಯಾದಾಗ... ಉಗುರಲ್ಲಿ ಚೂರು ಚೂರು ಕೆರ್ಕೊಂಡೆ. ಹೊಗೆಸೊಪ್ಪಿಗೆ ಸುಣ್ಣ ಬೇಕಲ್ವಾ? ಗೀಟು ಉಳ್ದಿರ್ತದೆ ಅಂದ್ಕೊಂಡಿದ್ದೆ.”

ಅವನ ನಾಲಗೆಗೆ ಈ ಗತಿ ಯಾವುದರಿಂದ ಬಂತೆಂದು ನಮಗೆಲ್ಲ ಗೊತ್ತಿತ್ತು. ಅನ್ವರ್ ಕಾಗದ ಕತ್ತರಿಸುವ ಮೆಷಿನ್ ಒರೆಸತೊಡಗಿದ.

ನೀಲಾಂಬಿಕೆ ಬ್ಯಾಗಿನಿಂದ ಸ್ಟೀಲ್ ಚಮಚ ತೆಗೆದಳು. “ಡಾಕ್ಟ್ರು ಹನಿ ಮುಟ್ಟಬಾರ್ದು ಅಂದಿದಾರೆ. ಇವ್ರು ಕಾಲು ಹಿಡ್ಕೊಂಡ್ರು ಅಂತ ನಾನು ಒಂದು ಚಮಚ ಅಂದಿದೀನಿ. ಒಂದೇ. ಯಾವ್ದ್ರದ್ದು ಅಂತ ಹತ್ತು ನಿಮಿಷದಲ್ಲಿ ಹೇಳಿ.”

“ನಾಲ್ಕರಲ್ಲೂ ಕಾಲ್ಕಾಲು ಚಮಚ...” ಎಂದೆ.

“ಅಣ್ಣಾ, ನಿಮ್ಮ ಮೀನಿನ ಕಥೆ ನಂಗೂ ಗೊತ್ತು. ಸುಮ್ನಿರಿ.”

ನಾಲ್ಕನ್ನೂ ಒಡೆದೆವು. ರುಚಿ ನೋಡಿ ಹೇಳಬೇಕಾದವರು ಇಬ್ಬರೇ: ಆರು ವರ್ಷದ ಎದುರಾಳಿ, ಮತ್ತು ಊರಿಗೇ ಗೊತ್ತಿರುವ ಸುಳ್ಳ. ಗಂಗಾಧರ ಸಾಲಾಗಿ ಒಂದೊಂದು ಗುಟುಕು ಕುಡಿದು, ಪ್ರತಿ ಸಲ ನೀರು ಮುಕ್ಕಳಿಸಿದ. ನಾನು ಅಭ್ಯಾಸಬಲದಿಂದ ಕೊನೆಯ ಬಾಟ್ಲಿಯದ್ದನ್ನು ಗ್ಲಾಸಿಗೆ ಬಗ್ಗಿಸಿಕೊಂಡು, ಎರಡೂ ಅಂಗೈ ನಡುವೆ ಹಿಡಿದು, ಸೋಮನಾಥನಿಗೆ ಧೈರ್ಯ ಬರಲೆಂದು ಅರ್ಧ ನಾಲಗೆಯಲ್ಲೇ ಹರಾಜು ಕೂಗಿ ಹೆಸರು ಮಾಡಿದ ಬಾಳೆಹೊನ್ನೂರಿನ ಒಬ್ಬನ ಕಥೆ ಹೇಳಿದೆ. ಅಂಥವನು ಯಾರೂ ಇಲ್ಲ. ಕಥೆ ಮುಗಿಯುವಷ್ಟರಲ್ಲಿ ಗ್ಲಾಸು ಬೆಚ್ಚಗಾಗಿತ್ತು. ಕುಡಿದೆ. ಹಳೇ ಪೆಟ್ಟಿಗೆಯ ಮುಚ್ಚಳ ತೆಗೆದ ಹಾಗೆ ಮರ ಬಂತು.

“ಇದು,” ಎಂದೆ. “ಸೋಮಣ್ಣ, ಇದೇ. ದೇವರಾಣೆ.”

“ಎರಡನೇದು,” ಎಂದ ಗಂಗಾಧರ. “ಹತ್ತೊಂಬತ್ತರಲ್ಲಿ ಕೊನೇಗೊಂದು ಹುಳಿ ಇತ್ತು. ಎರಡನೇದ್ರಲ್ಲಿ ಅದಿದೆ. ಆ ಕೊನೇದ್ರಲ್ಲಿ ಎಂತದೂ ಇಲ್ಲ, ಬರೀ ತಣ್ಣೀರು.”

“ಬಕೆಟ್ ಅಡೀಲಿತ್ತು, ಅದ್ಕೇ ತಣ್ಣೀರು! ಕೈಯಲ್ಲಿ ಹಿಡ್ಕೊಂಡು ನೋಡಾ.”

“ಒಂಬತ್ತು ನಿಮಿಷ ಆಯ್ತು,” ಎಂದಳು ನೀಲಾಂಬಿಕೆ.

ಸೋಮನಾಥ ನನ್ನ ಮುಖವನ್ನು ನೋಡಿದ, ಗಂಗಾಧರನ ಮುಖವನ್ನು ನೋಡಿದ. ನನ್ನ ಜೀವಮಾನದಲ್ಲಿ ಅಷ್ಟು ನಿಜವನ್ನು ಮುಖಕ್ಕೆ ತಂದುಕೊಂಡದ್ದು ಅದೇ ಮೊದಲು. ಅಭ್ಯಾಸವಿಲ್ಲದ್ದರಿಂದ ಅದು ಸರಿಯಾಗಿ ಕೂತಿರಲಿಕ್ಕಿಲ್ಲ.

“ಗಂಗಾಧರ ಸುಳ್ಳು ಹೇಳಲ್ಲ,” ಎಂದು ಸೋಮನಾಥ ಎರಡನೆಯ ಬಾಟ್ಲಿಯತ್ತ ಕೈ ತೋರಿದ.

ನೀಲಾಂಬಿಕೆ ಅಳೆದು ಒಂದು ಚಮಚ ಬಾಯಿಗೆ ಬಿಟ್ಟಳು. ಅವನು ಕಣ್ಣು ಮುಚ್ಚಿದ. ಉರಿಗೆ ಎರಡೂ ಕೈ ಕುರ್ಚಿಯನ್ನು ಬಿಗಿಯಾಗಿ ಹಿಡಿದವು. ಆದರೂ ಉಗುಳಲಿಲ್ಲ, ನುಂಗಲಿಲ್ಲ. ಬಾಯಿಯೊಳಗೆ ಆ ಕಡೆ ಈ ಕಡೆ ಹೊರಳಿಸಿ ಹುಡುಕಿದ. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಕೊನೆಗೆ ನುಂಗಿದ.

“ಮರ ಇಲ್ಲ,” ಎಂದ. “ಗಂಗಾಧರ, ನೀನೇ ಸರಿ. ಆರು ವರ್ಷ ಸುಮ್ನೆ ಕೂಗಾಡಿದೆ. ಹೋಗ್ಲಿ ಬಿಡು.”

ಗೆದ್ದವನ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಕಂಡಿಲ್ಲ. ಕಾರು ಶೃಂಗೇರಿಯ ಕಡೆ ಹೊರಟಿತು.

ನಾವು ಒಳಗೆ ಬಂದು ಕೂತೆವು. ಬಾಟ್ಲಿಗಳ ಮೈ ಒಣಗತೊಡಗಿತ್ತು. ಅನ್ವರ್ ಕನ್ನಡಕ ಹಾಕಿಕೊಂಡು ಬಗ್ಗಿದ.

“ಇಲ್ನೋಡಿ. ಒದ್ದೆ ಇದ್ದಾಗ ಕಾಣ್ತಿರ್ಲಿಲ್ಲ. ಲೇಬಲ್ ಇದ್ದ ಜಾಗದಲ್ಲಿ ಗೋಂದಿನ ಅಚ್ಚು ಕೂತಿದೆ, ಬೆಳ್ಳಗೆ.” ಆಲ್ಬಮ್ ತಂದು ಪಕ್ಕದಲ್ಲಿಟ್ಟ. ಮೂರು ಲೇಬಲ್ ಚೌಕ. ಹತ್ತೊಂಬತ್ತರದ್ದೊಂದೇ ಮೂಲೆ ದುಂಡಗೆ ಕತ್ತರಿಸಿದ್ದು. ಮೂರು ಬಾಟ್ಲಿಯ ಮೇಲೆ ಚೌಕದ ಅಚ್ಚು. ದುಂಡು ಮೂಲೆಯದ್ದು ಒಂದೇ ಒಂದರ ಮೇಲೆ, ನಾನು ಹೇಳಿದ್ದು.

ಗಂಗಾಧರ ಅದನ್ನು ಕಿತ್ತುಕೊಂಡು ಗ್ಲಾಸಿಗೆ ಬಗ್ಗಿಸಿದ. ಈಗ ಅದರ ತಣುಪು ಹೋಗಿತ್ತು. ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟ.

“ಮರ ಇದೆ,” ಎಂದ. “ಅಯ್ಯೋ, ಮರ ಇದೆ ಮಾರಾಯ. ಪೀಪಾಯಿನೇ. ಸ್ಕೂಟರ್ ಹತ್ತು.”

ಬಾಟ್ಲಿಯ ಬಾಯಿಗೆ ಹೆಬ್ಬೆರಳು ಒತ್ತಿಕೊಂಡು ನಾನು ಹಿಂದೆ ಕೂತೆ. ಗುಂಡಿಗಳಲ್ಲಿ ಹಾರಿದಾಗೆಲ್ಲ ನೊರೆ ಚಿಮ್ಮಿ ಗಂಗಾಧರನ ಬೆನ್ನು ಕಪ್ಪಾಯಿತು. ದಾರಿಯಲ್ಲಿ ಎರಡು ಬಸ್ಸು, ಒಂದು ಆಂಬುಲೆನ್ಸ್ ಹಿಂದೆ ಹಾಕಿದೆವು. ಆಂಬುಲೆನ್ಸಿನವನು ನಮಗೆ ದಾರಿ ಬಿಟ್ಟ.

ಶೃಂಗೇರಿಯಲ್ಲಿ ಕಾರು ಸಿಕ್ಕಿತು. ನೀಲಾಂಬಿಕೆ ಅಮ್ಮನವರಿಗೆ ಕೈ ಮುಗಿದು ಬರಲು ದೇವಸ್ಥಾನದ ಒಳಗೆ ಹೋಗಿದ್ದಳು. ಸೋಮನಾಥ ಹಿಂದಿನ ಸೀಟಿನಲ್ಲಿ ಕೆನ್ನೆಗೆ ಒದ್ದೆ ಬಟ್ಟೆ ಒತ್ತಿಕೊಂಡು ಒಬ್ಬನೇ ಕೂತಿದ್ದ.

“ಸೋಮಣ್ಣ, ತಪ್ಪಾಯ್ತು,” ಗಂಗಾಧರ ಕಿಟಕಿ ಹಿಡಿದುಕೊಂಡು ಏದುಸಿರು ಬಿಟ್ಟ. “ಹತ್ತೊಂಬತ್ತು ಇದು. ಮರ ಇದೆ. ನೀನೇ ಗೆದ್ದಿದ್ದು. ಗೋಂದಿನ ಅಚ್ಚು ಸಿಕ್ತು, ದುಂಡು ಮೂಲೆ, ನೋಡು ಬೇಕಾರೆ.”

ಬಾಟ್ಲಿ ಎತ್ತಿ ತೋರಿಸಿದೆ. ನನ್ನ ಅಂಗೈಯ ಬೆವರು, ನೊರೆ ಸೇರಿ ಗಾಜನ್ನು ನುಣ್ಣಗೆ ಉಜ್ಜಿ ತೊಳೆದಿದ್ದವು. ಅಚ್ಚೂ ಇಲ್ಲ, ಮೂಲೆಯೂ ಇಲ್ಲ.

ಸೋಮನಾಥ ಅದನ್ನು ನೋಡಿದ. ನಗಲು ಹೋಗಿ ಕೆನ್ನೆ ಹಿಡಿದುಕೊಂಡ.

“ಗೋಂದು? ಇದು ಇವನ ಕಥೆ,” ಎಂದು ನನ್ನ ಕಡೆ ಕಣ್ಣು ತಿರುಗಿಸಿದ. “ಇವನ ಜೊತೆ ಸೇರಿ ನೀನೂ ಕಲ್ತ್ಯಲ್ಲ ಗಂಗಾಧರ. ನನ್ನ ಸಮಾಧಾನಕ್ಕೆ ಇಷ್ಟು ದೂರ ಬರ್ಬೇಕಿತ್ತನಾ?”

“ಸಮಾಧಾನ ಅಲ್ಲ! ಒಂದು ಹನಿ ಹಾಕ್ಕೊಂಡು ನೋಡು. ಅವ್ರು ಒಳಗಿದಾರೆ, ಗೊತ್ತಾಗಲ್ಲ.”

“ಅವ್ಳಿಗೆ ಮಾತು ಕೊಟ್ಟಿದೀನಿ. ಒಂದೇ ಅಂತ.” ಬಟ್ಟೆಯನ್ನು ಮಡಚಿ ಮತ್ತೆ ಕೆನ್ನೆಗೆ ಒತ್ತಿಕೊಂಡು, “ಈಗ ಹಾಕ್ಕೊಂಡ್ರೂ ಬರೀ ಉರಿ ಮಾರಾಯ. ಆಗ್ಲೇ ಎಂತದೂ ಗೊತ್ತಾಗ್ತಿಲ್ಲ,” ಎಂದ.

ನೀಲಾಂಬಿಕೆ ಬಂದು ಅವನ ಹಣೆಗೆ ಕುಂಕುಮ ಹಚ್ಚಿದಳು. ಗಂಗಾಧರನ ಅಂಗಿಯನ್ನು ನೋಡಿ ಬಾಗಿಲು ಹಾಕಿಕೊಂಡಳು. ಕಾರು ಆಗುಂಬೆಯ ರಸ್ತೆ ಹಿಡಿಯಿತು.

ಗಂಗಾಧರ ರಸ್ತೆಯ ನಡುವೆ ನಿಂತಿದ್ದ. ಅವನ ಮೂಗನ್ನು ನೋಡಿದೆ, ರಕ್ತ ಬಂದಿರಲಿಲ್ಲ. ಬಾಟ್ಲಿಯಲ್ಲಿ ಎರಡು ಬೆರಳಷ್ಟು ಉಳಿದಿತ್ತು.

“ಅವನು ನಂಬ್ದೆ ಇದ್ರೆ ಅವನು ಗೆದ್ದಿದ್ದು ಅಲ್ಲಿಗೇ ಹೋಯ್ತಲ್ಲೋ. ಆಮೇಲೆ ನೋಡೋಕೆ ನಾಲಗೇನೂ ಇರಲ್ಲ,” ಎಂದ. ಕಿಕ್ ಮೂರು ಸಲ ತಪ್ಪಿತು. “ಘಟ್ಟ ಇಳಿಯೋದ್ರೊಳಗೆ ಹಿಡೀಬೇಕು. ಹತ್ತು.”

ಬಾಟ್ಲಿಯ ಬಾಯಿಗೆ ಹೆಬ್ಬೆರಳು ಒತ್ತಿ ಹತ್ತಿದೆ.