ಮೇಷ್ಟರ ಮೇಲಂಗಿ

"ನನ್ನ ಗಂಡ ನಿಂಗೆ ಮತ ಹಾಕಿದ್ನಂತೆ ಕಣೋ! ಮಣ್ಣೊಳಗಿಂದ ಎದ್ದು ಬಂದು ಹಾಕಿದ್ನಂತೆ! ಬದುಕಿದ್ದಾಗ ನಿನ್ನ ಪಕ್ಷದ ಕಡೆ ತಿರುಗಿ ಉಗುಳಿದೋನೂ ಅಲ್ಲ. ಸತ್ತ ಮೇಲೆ ಭಾವಮೈದನ ಮೇಲೆ ಪ್ರೀತಿ ಉಕ್ಕಿ ಬಂತೇನೋ?"

ತಮ್ಮನ ಮನೆಯೊಳಗೆ ನುಗ್ಗಿದ ಕಾಸಿಲ್ದ ಬಾಗಿಲು ಹಾಕಲಿಲ್ಲ. ಹಾಕಿಯೂ ಪ್ರಯೋಜನವಿರಲಿಲ್ಲ; ಅವಳ ದನಿ ಆಗಲೇ ಮೆಟ್ಟಿಲಿಳಿದು ಚೌಕ ಸೇರಿತ್ತು. ಅಲ್ಲಿ ವಾದ್ಯದವರು ತುತ್ತೂರಿ ಒರೆಸುತ್ತ ನಿಂತಿದ್ದರು. ನಿನ್ನೆ ಭಾನುವಾರ ಚುನಾವಣೆ ಮುಗಿದಿತ್ತು. ಇವತ್ತು ಗೆದ್ದವರು ಚೌಕಕ್ಕೆ ಚಾಚಿದ ಉಪ್ಪರಿಗೆಗೆ ಬಂದು ಕೈಬೀಸಬೇಕು, ಸಂಜೆಯ ರೈಲಿಗೆ ಮ್ಯಾಡ್ರಿಡ್‌ಗೆ ಹೊರಡಬೇಕು.

ಗೆದ್ದವನು ಅವಳ ತಮ್ಮ, ದೋನ್ ಎಲಾದಿಯೊ ಕಿರೋಗ. ಮೇಜಿನಡಿಯ ಕೆಂಡದ ಬಟ್ಟಲಿಗೆ ಕಾಲು ಚಾಚಿಕೊಂಡು ಬೆಳ್ಳುಳ್ಳಿ ಸಾರು ಕುಡಿಯುತ್ತಿದ್ದವನು ಚಮಚ ಕೆಳಗಿಟ್ಟ.

"ಕೂತ್ಕೋ ಅಕ್ಕ. ಯಾರು ಹೇಳಿದ್ದು ನಿಂಗೆ?"

"ಯಾರು ಹೇಳ್ಬೇಕು? ಕಣ್ಣಾರೆ ಕಂಡೆ. ಫರ್ಮೀನನ ಮೇಲಂಗಿ ಪುರಸಭೆ ಮೆಟ್ಟಿಲು ಹತ್ತಿ ಹೋಯ್ತು. ಭುಜದ ಮೇಲೆ ನಾನೇ ಹಾಕಿದ ತೇಪೆ ನಂಗೆ ಗುರುತು ಸಿಗಲ್ವಾ? ಜೀವ ಬಾಯಿಗೆ ಬಂತು. ಒಳಗಿಂದ ಹೆಸರು ಕೂಗಿದ್ರು, ಫರ್ಮೀನ್ ಆರ್ಚೆ ಅಂತ. ಅಂಗಿಯೊಳಗಿದ್ದೋನು ಹಾಜರ್ ಅಂದ!"

ಅಂಗಿಯೊಳಗಿದ್ದವನು ಗೋರಿ ತೋಡುವ ಸಿರಿಯಾಕೊ. ಹೋದ ಚಳಿಗಾಲ ಫರ್ಮೀನ್ ಮೇಷ್ಟರು ತೀರಿಕೊಂಡಾಗ, ರಾಜ ಬೇಡ ಎಂದವನು, ಇಗರ್ಜಿಗೆ ಕಾಲಿಡದವನು ಎಂದು ಪಾದ್ರಿ ಪ್ರಾರ್ಥನೆ ಹೇಳಲಿಲ್ಲ. ಸ್ಮಶಾನದ ಗೋಡೆಯಾಚೆ ಜಾಗ ತೋರಿಸಿದ್ದರು. ಹೆಪ್ಪುಗಟ್ಟಿದ ಆ ನೆಲವನ್ನು ಸಿರಿಯಾಕೊ ಒಬ್ಬನೇ ಅಗೆದ. ಹರಕು ಅಂಗಿಯಲ್ಲಿ ಅವನು ನಡುಗುವುದನ್ನು ನೋಡಲಾರದೆ ಕಾಸಿಲ್ದ ಗಂಡನ ಕಪ್ಪು ಉಣ್ಣೆಯ ಮೇಲಂಗಿಯನ್ನು ಅಲ್ಲೇ ಅವನಿಗೆ ಹೊದಿಸಿದ್ದಳು.

ಕಿಟಕಿಯ ಬಳಿ ಸೋಂಪಿನ ಸಾರಾಯಿ ಹೀರುತ್ತಿದ್ದ ಓಬ್ದುಲಿಯೊ ಲೋಟ ಇಟ್ಟು ಮುಂದೆ ಬಂದ. ಪುರಸಭೆಯ ಕಾರ್ಯದರ್ಶಿ. ಮ್ಯಾಡ್ರಿಡ್‌ನಲ್ಲಿ ಯಾರು ಏನೇ ಆಗಲಿ, ವಿಯಾಸೋರ್ದ ಊರಿನ ಮತಗಳೆಲ್ಲ ಅವನ ಕಿಸೆಯಲ್ಲಿರುತ್ತಿದ್ದವು.

"ತಪ್ಪು ತಿಳ್ಕೊಂಡ್ರಿ ಅಮ್ಮ. ನಾನು ಮರ್ಯಾದೆಗೋಸ್ಕರ ಮಾಡ್ದೆ. ಬೇರೆ ಸತ್ತೋರೆಲ್ಲ ಊಟ ಆದ್ಮೇಲೆ ಬಂದ್ರು. ಮೇಷ್ಟ್ರನ್ನ ಮಾತ್ರ ಮೊದಲ್ನೇ ಸರದಿಗೇ ಇಟ್ಟೆ. ಮಂತ್ರಿ ಆಗೋರ ಮನೆಯೋರೇ ಮತ ಹಾಕ್ಲಿಲ್ಲ ಅಂದ್ರೆ ಚೆನ್ನಾಗಿರುತ್ತಾ? ಸತ್ತೋರಲ್ಲೂ ದೊಡ್ಡೋರು ಚಿಕ್ಕೋರು ಅಂತ ಇರುತ್ತಲ್ಲ."

ಅವನು ತಮಾಷೆ ಮಾಡುತ್ತಿರಲಿಲ್ಲ. ನಿಜವಾಗಿಯೂ ನೊಂದುಕೊಂಡಿದ್ದ.

"ಬಾಯ್ಮುಚ್ಚೋ ಮುಂಡೇದೇ!" ಎಂದಳು ಕಾಸಿಲ್ದ. ತಮ್ಮನ ಕಡೆ ತಿರುಗಿದಳು. "ಹಿಂದಿನ ಚುನಾವಣೇಲಿ ಅವನು ಬದುಕಿದ್ದ. ತನ್ನ ಕೈಯಾರೆ ಗಣರಾಜ್ಯದೋರಿಗೆ ಹಾಕಿ ಬಂದ. ಸಂಜೆ ಏನು ಕೂಗಿದ್ರು? ಗಣರಾಜ್ಯದೋರಿಗೆ ಸೊನ್ನೆ! 'ನಾನು ಹಾಕಿದ ಒಂದು ಎಲ್ಲಿ ಹೋಯ್ತೇ ಕಾಸಿಲ್ದ? ಮಕ್ಕಳಿಗೆ ಲೆಕ್ಕ ಹೇಳ್ಕೊಡೋನು ನಾನು, ಸೊನ್ನೆಗೆ ಒಂದು ಕೂಡಿದ್ರೆ ಸೊನ್ನೆ ಹ್ಯಾಗಾಗುತ್ತೆ?' ಅಂತ ಸಾಯೋವರೆಗೂ ಕೇಳ್ದ. ಬದುಕಿದ್ದಾಗ ಲೆಕ್ಕಕ್ಕಿಲ್ಲ, ಸತ್ತ ಮೇಲೆ ಲೆಕ್ಕಕ್ಕೆ ಬಂದ. ಭಾರಿ ಚೆನ್ನಾಗಿದೆ ಕಣೋ ನಿಮ್ಮ ರಾಜ್ಯಭಾರ!"

"ಆಗಿನ ಸರದಿ ಅವರದ್ದು ಅಕ್ಕ. ನಮ್ಮದಲ್ಲ."

ಹೇಳಿದ ಮೇಲೆ ಎಲಾದಿಯೊಗೇ ನಾಚಿಕೆಯಾಯಿತು. ನೊಗದ ಎತ್ತು ಬದಲಾಯಿಸಿದ ಹಾಗೆ ಒಂದು ಸಲ ಇವರು, ಒಂದು ಸಲ ಅವರು ಎಂದು ರಾಜನ ಕಡೆಯ ಎರಡು ಪಕ್ಷಗಳ ದೊಡ್ಡವರು ತಮ್ಮೊಳಗೇ ಗೊತ್ತುಮಾಡಿಕೊಂಡಿದ್ದರು. ಆ ಏರ್ಪಾಡನ್ನು ಬೈದು ಬರೆದು ಅವನು ಹರೆಯದಲ್ಲಿ ಜೈಲು ಕಂಡಿದ್ದ. ಪೊಲೀಸರು ಹುಡುಕುವಾಗ ಶಾಲೆಯ ಅಟ್ಟದ ಮೇಲೆ ಬಚ್ಚಿಟ್ಟು ಅನ್ನ ಹಾಕಿದವನು ಫರ್ಮೀನ್. ಆಮೇಲೆ ಉದಾರವಾದಿಗಳ ಪಕ್ಷ, ಪ್ರಾಂತದ ಅಧಿಕಾರ, ಮ್ಯಾಡ್ರಿಡ್‌ನ ದೊಡ್ಡ ಕಚೇರಿ. ಒಂದೊಂದು ಮೆಟ್ಟಿಲಿಗೂ ಒಂದೊಂದು ಮಾತು ನುಂಗಿಕೊಂಡು ಹತ್ತಿದ್ದ. ಒಂದನ್ನು ಮಾತ್ರ ನುಂಗಿರಲಿಲ್ಲ. ಪ್ರತಿಯೊಬ್ಬ ಗಂಡಸಿಗೂ, ಕೂಲಿಯವನಿಗೂ, ಮತ ಇರಬೇಕೆಂದು ಸಂಸತ್ತಿನಲ್ಲಿ ಗಂಟಲು ಕಟ್ಟುವವರೆಗೆ ವಾದಿಸಿದ್ದ. ಕಾನೂನು ಬಂತು. ಫರ್ಮೀನ್ ರೈಲ್ವೆ ನಿಲ್ದಾಣಕ್ಕೇ ಬಂದು ತಬ್ಬಿಕೊಂಡು, "ಸಾಯೋವರೆಗೂ ನಿನ್ನ ವಿರುದ್ಧಾನೇ ಹಾಕ್ತೀನಿ ಕಣಯ್ಯ. ಆದ್ರೆ ಹಾಕೋ ಕೈ ಕೊಟ್ಟೋನು ನೀನು" ಎಂದು ಅತ್ತಿದ್ದ.

"ಈಗೇನು ಮಾಡು ಅಂತೀಯ?"

"ಆ ಉಪ್ಪರಿಗೆ ಮೇಲೆ ನಿಂತು ಒಂದು ಮಾತು ಹೇಳು. ಫರ್ಮೀನ್ ಆರ್ಚೆ ಸತ್ತಿದ್ದಾನೆ, ಅವನು ಮತ ಹಾಕಿಲ್ಲ ಅಂತ. ಅಷ್ಟೇ ಸಾಕು."

"ಒಂದು ಎಳೆ ಎಳೆದ್ರೆ ಇಡೀ ಕಾಲುಚೀಲ ಬಿಚ್ಕೊಳ್ಳುತ್ತೆ ಅಕ್ಕ. ನ್ಯಾಯಖಾತೆ ಕೊಡ್ತಿದ್ದಾರೆ ನಂಗೆ. ಅಲ್ಲಿ ಕೂತ್ಕೊಂಡು ಇದನ್ನೆಲ್ಲ ಸರಿಮಾಡ್ತೀನಿ."

"ಏಣಿ ಹಾಕಿ ಮನೆಗೆ ನುಗ್ಗಿದ ಕಳ್ಳ, ಒಳಗಿಂದ ಬೀಗ ಹಾಕ್ತೀನಿ ಬಿಡಿ ಅಂದನಂತೆ."

ಸಾರಿನ ಮೇಲೆ ತೇಲುವ ಎಣ್ಣೆ ನೋಡುತ್ತಿದ್ದ ಎಲಾದಿಯೊ, ಓಬ್ದುಲಿಯೊ ಕಡೆ ತಲೆಯೆತ್ತಿದ.

"ಸುಳ್ಳು ಮತ ಎಲ್ಲ ತೆಗೆದುಹಾಕಿದ್ರೆ ನಂಗೆ ನಿಜವಾಗಿ ಎಷ್ಟು ಬಿದ್ದಿದ್ವು?"

ಓಬ್ದುಲಿಯೊಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಪೆಟ್ಟಿಗೆ ಬಿಚ್ಚಿ ನೋಡಿದೋರು ಯಾರು ಸ್ವಾಮಿ? ಎಷ್ಟು ಅಂತ ಶನಿವಾರಾನೇ ಮ್ಯಾಡ್ರಿಡ್‌ನಿಂದ ಬಂದಿತ್ತಲ್ಲ."

"ಈ ಸಲದ್ದು ಬಿಡು. ಮೊದಲ್ನೇ ಸಲ? ಕತ್ತೆ ಮೇಲೆ ಹಳ್ಳಿ ಹಳ್ಳಿ ಸುತ್ತಿ ಭಾಷಣ ಮಾಡಿದ್ನಲ್ಲ, ಆಗ?"

ಕಾರ್ಯದರ್ಶಿಯ ಮುಖದಲ್ಲಿ ಮರುಕ ಕಾಣಿಸಿತು. "ಆಗ್ಲೂ ಅಷ್ಟೇ ಅನ್ನಿ. ಆದ್ರೆ ಭಾಷಣ ಬಹಳ ಚೆನ್ನಾಗಿತ್ತು. ಜನ ಈಗ್ಲೂ ನೆನೆಸ್ಕೋತಾರೆ."

ಬಾಗಿಲಲ್ಲಿ ಯಾರೋ ಕೆಮ್ಮಿದರು. ಚೌಕದಲ್ಲಿ ಜಗಳ ಕೇಳಿಸಿಕೊಂಡು ಸಿರಿಯಾಕೊ ಮೇಲೆ ಬಂದಿದ್ದ. ಮೇಲಂಗಿಯನ್ನು ಬಿಚ್ಚಿ, ಮಗುವನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದ.

"ತಕ್ಕಳಿ ಅಮ್ಮಾವ್ರೇ. ಕೂಗ್ದಾಗ ಹಾಜರ್ ಅನ್ನು ಕಣ್ಲಾ, ಒಂದು ಸಿಗಾರು ಕೊಡ್ತೀನಿ ಅಂದ್ರು. ಯಾರೆಸ್ರು ಅಂತ ಕೂಗಿದ್ಮೇಲೇ ತಿಳಿದಿದ್ದು. ಅಷ್ಟೊತ್ಗೆ ಹಾಳು ಬಾಯಿ ಹಾಜರ್ ಅಂದ್ಬುಟ್ಟಿತ್ತು. ನನ್ ಕೈಯಾರೆ ಮಣ್ಣು ಮಾಡ್ದೋನು ನಾನು... ಸಿಗಾರು ಸೇದಿಲ್ಲ. ಇಲ್ಲೇ ಐತೆ."

ಕಾಸಿಲ್ದ ಮೇಲಂಗಿ ತೆಗೆದುಕೊಂಡಳು. ಒಂದು ಸಲ ಕೊಡವಿದಳು. ಮುಖದ ಹತ್ತಿರ ತಂದವಳು ಹಾಗೇ ತಡೆದು, ಅದನ್ನು ಮತ್ತೆ ಅವನ ಹೆಗಲಿಗೆ ಹೊದಿಸಿ, ಕುತ್ತಿಗೆಯ ಹತ್ತಿರದ ಕೊಂಡಿ ತಾನೇ ಹಾಕಿದಳು.

"ಹಾಕ್ಕೋ. ಚಳಿಗೆ ಅಂತ ಕೊಟ್ಟಿದ್ದು, ಚಳಿಗೇ ಇಟ್ಕೋ. ಹೋಗು." ಅವನು ಹೋದ ಮೇಲೆ ತಮ್ಮನನ್ನು ನೋಡಿದಳು. "ಅವನು ಬಂದು ಹೇಳ್ದ. ನಿಂದೇನು?"

ಅಷ್ಟರಲ್ಲಿ ಕೆಳಗೆ ವಾದ್ಯ ಶುರುವಾಯಿತು. "ದೋನ್ ಎಲಾದಿಯೊಗೆ ಜಯವಾಗಲಿ!" ಎಂಬ ಕೂಗು. ಓಬ್ದುಲಿಯೊ ಓಡಿಹೋಗಿ ಉಪ್ಪರಿಗೆಯ ಬಾಗಿಲು ತೆರೆದ. ಮಾರ್ಚ್ ತಿಂಗಳ ಗಾಳಿ ಕೆಂಡದ ಬೂದಿಯನ್ನೆಲ್ಲ ಎಬ್ಬಿಸಿತು. ಎಲಾದಿಯೊ ಎದ್ದು ಕೋಟಿನ ಗುಂಡಿ ಹಾಕಿಕೊಂಡ.

"ಕೈಬೀಸಿ ಬಂದ್ಬಿಡ್ತೀನಿ ಅಕ್ಕ. ನೀನು ಊಟಕ್ಕೆ ಇರು. ಮಾತಾಡೋಣ."

ಕಾಸಿಲ್ದ ತಲೆಯ ಕಪ್ಪು ವಸ್ತ್ರ ಸರಿಮಾಡಿಕೊಂಡಳು. ಬಾಗಿಲು ದಾಟಿದಳು.

ಅವನು ಉಪ್ಪರಿಗೆಯ ಕಟಕಟೆ ಹಿಡಿದು ನಿಂತಾಗ ಅವಳು ಕೆಳಗಿನ ಬಾಗಿಲಿನಿಂದ ಚೌಕಕ್ಕೆ ಬಂದಳು. ಜನ ದಾರಿ ಬಿಟ್ಟರು. ಗುಂಪಿನ ಅಂಚಿನಲ್ಲಿದ್ದ ಸಿರಿಯಾಕೊ ಟೊಪ್ಪಿ ತೆಗೆದ. ವಾದ್ಯ ನಿಂತಿತು.

"ವಿಯಾಸೋರ್ದದ ಮಹಾಜನರೇ," ಎಂದ ಎಲಾದಿಯೊ. ಮೇಲಿಂದ ಸಿರಿಯಾಕೊನ ಭುಜದ ಆ ತೇಪೆ ಸ್ಪಷ್ಟವಾಗಿ ಕಾಣುತ್ತಿತ್ತು. "ನಿನ್ನೆ ಇಲ್ಲಿ ಬಿದ್ದ ಮತ..."

ಕಾರಂಜಿಯ ಹತ್ತಿರ ಕಾಸಿಲ್ದ ನಿಂತಳು. ತಿರುಗಲಿಲ್ಲ. ಬೆನ್ನಿನಿಂದಲೇ ಕೇಳಿಸಿಕೊಳ್ಳುತ್ತಿದ್ದಳು.

ಓಬ್ದುಲಿಯೊ ಹಿಂದಿನಿಂದ ಮೆಲ್ಲಗೆ ಕೆಮ್ಮಿದ.

"...ಬಿದ್ದ ಪ್ರತಿಯೊಂದು ಮತಕ್ಕೂ ನಾನು ಚಿರಋಣಿ."

ತುತ್ತೂರಿಗಳು ಒಟ್ಟಿಗೆ ಮೊಳಗಿದವು. ಟೊಪ್ಪಿಗಳು ಮೇಲೆ ಹಾರಿದವು. ಅವು ಕೆಳಗೆ ಬೀಳುವಷ್ಟರಲ್ಲಿ ಕಾರಂಜಿಯ ಹತ್ತಿರ ಯಾರೂ ಇರಲಿಲ್ಲ.

ಅಡುಗೆಯವಳು ಎರಡು ತಟ್ಟೆ ಹಾಕಿದ್ದಳು. ಎಲಾದಿಯೊ ಬಾಗಿಲಿಗೆ ಮುಖಮಾಡಿ ಕೂತ. ಕಡಲೆಯ ಮೇಲೆ ಹಂದಿಯ ಕೊಬ್ಬು ನಿಧಾನವಾಗಿ ಬೆಳ್ಳಗೆ ಗಟ್ಟಿಯಾಯಿತು. ಕೆಳಗಿನಿಂದ ಗಾಡಿಯವನು ರೈಲಿಗೆ ಹೊತ್ತಾಯಿತೆಂದು ಕೂಗಿದ, ಮತ್ತೆ ಕೂಗಿದ.

"ಅಮ್ಮನೋರ ತಟ್ಟೆ ಎತ್ತಲಾ ಸ್ವಾಮಿ?" ಎಂದು ಅಡುಗೆಯವಳು ಕೇಳಿದಳು.

"ಇರಲಿ," ಎಂದ.