ಎರಡಿಂಚು ಹೆಚ್ಚು

ಕೊರಿಯರ್‌ನವನ ಬೈಕು ಕೋಟಿನ ಪಾರ್ಸೆಲ್ ಹೊತ್ತು ಬೀದಿಯ ತಿರುವಿನಲ್ಲಿ ಮರೆಯಾಗಿ ಹತ್ತು ನಿಮಿಷವೂ ಆಗಿರಲಿಲ್ಲ. ಮೇಜಿನ ಮೇಲಿದ್ದ ಚೂರುಬಟ್ಟೆಗಳನ್ನು ಬಾಚಿ ಚೀಲಕ್ಕೆ ತುಂಬುತ್ತಿದ್ದ ಅಕ್ಕನ ಕೈಗೆ ಕೋಟಿನ ನಮೂನೆ ಸಿಕ್ಕಿತು. ಬಟ್ಟೆಗೆ ಕತ್ತರಿ ಹಾಕುವ ಮೊದಲು ಕಂದು ಕಾಗದದಲ್ಲಿ ಅಳತೆಗೆ ಸರಿಯಾಗಿ ಕತ್ತರಿಸಿಕೊಳ್ಳುವ ನಮೂನೆ ಅದು. ಮಡಿಸಿಡೋಣ ಎಂದು ಎತ್ತಿದವಳಿಗೆ ಅದರ ಮೂಲೆಯಲ್ಲಿ ತಾನೇ ಪೆನ್ಸಿಲಿನಿಂದ ಗೀಚಿದ್ದ ಅಂಕಿಗಳು ಕಂಡವು. ಎದೆ ನಲವತ್ತು, ಸೊಂಟ ಮೂವತ್ತೆಂಟು.

ಎದುರಿನ ಗೋಡೆಯಲ್ಲಿ ಒಂದು ಚೀಟಿ ಅಂಟಿಸಿತ್ತು. ಗಿರಾಕಿ ಫೋನಿನಲ್ಲಿ ಕಳಿಸಿದ ಅಳತೆಯನ್ನು ತಂಗಿ ಅದರಲ್ಲಿ ದುಂಡಗೆ ಬರೆದಿಟ್ಟಿದ್ದಳು. ಎದೆ ಮೂವತ್ತೆಂಟು, ಸೊಂಟ ಮೂವತ್ತಾರು.

ಅಕ್ಕ ಒಮ್ಮೆ ಚೀಟಿ ನೋಡಿದಳು, ಒಮ್ಮೆ ಕಾಗದ ನೋಡಿದಳು. ಬರೆಯುವಾಗ ಅಂಕಿ ತಪ್ಪಿರಬಹುದು, ಕತ್ತರಿಸುವಾಗ ಸರಿಯಾಗಿಯೇ ಕತ್ತರಿಸಿರಬಹುದು ಎಂಬ ಆಸೆಯಿಂದ ಕುತ್ತಿಗೆಯಲ್ಲಿದ್ದ ಟೇಪು ಎಳೆದು ಕಾಗದದ ಮೇಲಿಟ್ಟಳು. ಟೇಪಿಗೆ ದಾಕ್ಷಿಣ್ಯವಿರಲಿಲ್ಲ. ಉಸಿರಾಟಕ್ಕೆಂದು ಬಿಡುವ ಸಡಿಲವನ್ನು ಕಳೆದ ಮೇಲೂ ಎದೆಗೆ ಎರಡಿಂಚು, ಸೊಂಟಕ್ಕೆ ಎರಡಿಂಚು ಹೆಚ್ಚು. ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತಳು.

ಹೇಗಾಯಿತು ಎಂದು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ. ಅದು ಹನ್ನೊಂದು ವರ್ಷದ ಅಭ್ಯಾಸ.

ಅವಳು ಕೆಲಸ ಮಾಡುತ್ತಿದ್ದ ಟೈಲರ್ ಅಂಗಡಿಯಲ್ಲಿ ಅಳತೆ ತೆಗೆಯುವುದು ಮಾಸ್ಟರ್. ದೊಡ್ಡ ಕನ್ನಡಿಯ ಮುಂದೆ ಗಿರಾಕಿಯನ್ನು ನಿಲ್ಲಿಸಿ, ಟೇಪು ಸುತ್ತಿ, ಗಂಟಲು ಸರಿಮಾಡಿಕೊಂಡು ಅಂಕಿ ಕೂಗುತ್ತಿದ್ದರು. ಪರದೆಯ ಹಿಂದೆ ಮೇಜಿನ ಬಳಿ ನಿಂತ ಅಕ್ಕ ಅದನ್ನು ಬರೆದುಕೊಳ್ಳಬೇಕು. ಆದರೆ ಮಾಸ್ಟರ್ ಎದೆ ಮತ್ತು ಸೊಂಟದ ಅಂಕಿಯನ್ನು ಯಾವಾಗಲೂ ಎರಡು ಇಳಿಸಿಯೇ ಕೂಗುವುದು. ನಲವತ್ತರ ಹೆಂಗಸು ಮೂವತ್ತೆಂಟು ಎಂದು ಕೇಳಿಸಿಕೊಂಡು ಕನ್ನಡಿಯಲ್ಲಿ ತನ್ನನ್ನೇ ಒಂದು ಗಳಿಗೆ ಹೆಚ್ಚು ನೋಡಿಕೊಳ್ಳುತ್ತಿದ್ದಳು. ಇನ್ನೊಂದು ಜೊತೆ ಹೊಲಿಸೋಣವೇ ಎಂದು ಅವಳೇ ಕೇಳುತ್ತಿದ್ದಳು. ಪರದೆಯ ಹಿಂದಿನವಳು ಆ ಎರಡನ್ನು ವಾಪಸ್ ಸೇರಿಸಿ ಬರೆದುಕೊಳ್ಳಬೇಕು. ಸೇರಿದ ಮೊದಲ ವಾರದಲ್ಲೇ ಮಾಸ್ಟರ್ ಅವಳ ಕಿವಿಯಲ್ಲಿ ಹೇಳಿದ್ದರು. "ನಾನ್ ಸುಳ್ಳು ಹೇಳ್ತೀನಿ. ನೀನ್ ಮಾತ್ರ ಅಪ್ಪಿತಪ್ಪಿ ನಂಬಿಬಿಡ್ಬೇಡ." ಮೊದಮೊದಲು ಬೆರಳು ಮಡಚಿ ಎಣಿಸುತ್ತಿದ್ದಳು. ವರ್ಷ ಕಳೆಯುವುದರೊಳಗೆ ಕಿವಿಗೆ ಮೂವತ್ತಾರು ಬಿದ್ದರೆ ಕೈ ತಾನಾಗಿ ಮೂವತ್ತೆಂಟು ಬರೆಯುತ್ತಿತ್ತು. ಮೊನ್ನೆ ರಾಗವಾಗಿ ಅಳತೆ ಓದಿ ಹೇಳಿದ್ದು ತಂಗಿ. ಕೈ ಅದನ್ನೂ ಮಾಸ್ಟರ್ ಕೂಗಿದ್ದೆಂದೇ ತಿಳಿದುಕೊಂಡಿತ್ತು.

ಕೆಲಸ ಬಿಟ್ಟು ಇನ್ನೂ ಹದಿನೈದು ದಿನವೂ ಆಗಿರಲಿಲ್ಲ. ನಾಲ್ಕು ವರ್ಷದಿಂದ ಸಂಬಳದ ಮಾತೆತ್ತಿದಾಗಲೆಲ್ಲ ಮಾಸ್ಟರ್ ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದರು. ಮುಂದಿನ ವರ್ಷಕ್ಕೆ ಮಾತ್ರ ಬರುವ ಆತುರವಿರಲಿಲ್ಲ. ಕೊನೆಗೆ ತಂಗಿಯೇ ಹಟ ಹಿಡಿದು ಫೋನಿನಲ್ಲಿ ತಮ್ಮದೇ ಅಂಗಡಿಯ ಪುಟ ತೆರೆದಳು. ಕಾಲೇಜಿಗೆ ಹೋಗುವ ಆ ತಂಗಿಯನ್ನು ಮನೆಯಲ್ಲಿ ಗಿಳಿ ಎಂದು ಕರೆಯುತ್ತಿದ್ದುದು ಅವಳ ಬಾಯಿಗೆ ಬಿಡುವಿಲ್ಲದ್ದಕ್ಕೆ. ಮನೆಯಲ್ಲೇ ಕೂತು ನಿಮ್ಮ ಅಳತೆ ಕಳಿಸಿ, ಕೋಟು ಮನೆಬಾಗಿಲಿಗೆ ಬರುತ್ತದೆ ಎಂದು ಬರೆದಳು. ಅದರ ಕೆಳಗೆ, ಅಕ್ಕ ಬೇಡ ಬೇಡ ಎಂದರೂ ಕೇಳದೆ, ಹನ್ನೊಂದು ವರ್ಷದಲ್ಲಿ ಒಂದೇ ಒಂದು ಅಳತೆ ತಪ್ಪಿಲ್ಲ ಎಂದು ಸೇರಿಸಿದಳು.

ಕೆಲಸ ಬಿಡುತ್ತೇನೆ ಎಂದಾಗ ಮಾಸ್ಟರ್ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅವಳ ಕತ್ತರಿಯನ್ನು ಅದರ ಮೊಳೆಗೇ ತಗುಲಿಹಾಕಿ, ಎರಡು ವಾರ, ಅಂದರೆ ಈ ಶನಿವಾರ ಬೆಳಿಗ್ಗೆ ಹತ್ತರವರೆಗೆ, ಮೇಜು ಖಾಲಿ ಇಟ್ಟಿರುತ್ತೇನೆ, ಆಮೇಲೆ ಹೊಸಬಳನ್ನು ನಿಲ್ಲಿಸಿಕೊಳ್ಳುತ್ತೇನೆ ಎಂದಿದ್ದರು. ಇವತ್ತು ಬುಧವಾರ.

ಮಧ್ಯಾಹ್ನ ಗಿಳಿ ಕಾಲೇಜಿನಿಂದ ಹಾರಿಕೊಂಡು ಬಂದಳು. ಪಾರ್ಸೆಲ್ ಎಲ್ಲಿಗೆ ಹೋಯಿತೆಂದು ಫೋನಿನಲ್ಲಿ ನೋಡುವುದು ಅವಳಿಗೆ ಆಟದಂತಾಗಿತ್ತು. ನಮ್ಮ ಕಂಪನಿಯ ಮೊದಲ ಮಾಲು ಗೋಡೌನು ಮುಟ್ಟಿತು ಎಂದು ಓದುತ್ತಿದ್ದವಳು ಅಕ್ಕನ ಮುಖ ನೋಡಿ ನಿಲ್ಲಿಸಿದಳು. ವಿಷಯ ಕೇಳಿದ ಮೇಲೆ ಅವಳ ಬಾಯಿಗೂ ಬೀಗ ಬಿತ್ತು. ಗಿಳಿ ಸುಮ್ಮನಾದದ್ದನ್ನು ಕಂಡಾಗಲೇ ಅಕ್ಕನಿಗೆ ನಿಜವಾದ ಭಯ ಹತ್ತಿದ್ದು.

ಕೋಟು ಹೋಗುತ್ತಿದ್ದುದು ದೂರದ ಊರಿನ ಒಬ್ಬ ಟೀಚರಿಗೆ. ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾಗುತ್ತಿದ್ದರು. ಶನಿವಾರ ಹನ್ನೊಂದಕ್ಕೆ ಶಾಲೆಯ ವೇದಿಕೆಯ ಮೇಲೆ ಎಲ್ಲರೆದುರು ನಿಲ್ಲಬೇಕು, ಮೈಗೆ ಸರಿಯಾಗಿ ಕೂರುವ ಕಡುನೀಲಿ ಕೋಟು ಬೇಕು ಎಂದು ಬರೆದಿದ್ದರು. ಮೈಗೆ ಸರಿಯಾಗಿ ಎಂಬುದನ್ನು ಎರಡು ಸಲ ಬರೆದಿದ್ದರು. ಎರಡಿಂಚು ಹೆಚ್ಚಾದ ಕೋಟು ಮೈಗೆ ಕೂರುವುದಿಲ್ಲ, ಜೋತುಬೀಳುತ್ತದೆ. ವೇದಿಕೆಯ ಮೇಲೆ ಯಾರದೋ ಕೋಟು ಇಸಕೊಂಡು ಬಂದವರಂತೆ ಅವರು ನಿಂತಿರುವುದು ಅಕ್ಕನ ಕಣ್ಣಿಗೆ ಕಟ್ಟಿತು. ಆಮೇಲೆ ಅವರು ಪುಟದಲ್ಲಿ ನಾಲ್ಕು ಸಾಲು ಬರೆಯುತ್ತಾರೆ. ಆ ಪುಟದಲ್ಲಿ ಬೇರೆ ಯಾರ ಸಾಲೂ ಇಲ್ಲ. ಮುಂದೆ ಬರುವವರೆಲ್ಲ ಓದುವುದು ಅದೊಂದನ್ನೇ.

"ಹೇಳದೇ ಇದ್ದುಬಿಡೋಣ ಅಕ್ಕಾ," ಎಂದಳು ಗಿಳಿ. "ಕೆಲವ್ರಿಗೆ ಗೊತ್ತೇ ಆಗಲ್ಲ."

"ಅವರು ಮೂವತ್ತು ವರ್ಷ ಪೇಪರ್ ತಿದ್ದಿದೋರು ಕಣೇ. ತಪ್ಪು ಹುಡುಕೋದೇ ಅವರ ಕೆಲಸ."

ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದ ಅಮ್ಮ ಇಷ್ಟನ್ನೂ ಕೇಳಿಸಿಕೊಂಡಿದ್ದಳು. ಕಣ್ಣು ಮಂಜಾಗಿದ್ದರೂ ಕೋಟಿನ ಐದು ಗುಂಡಿಗಳನ್ನು ಬೆರಳಿನಿಂದ ತಡವಿ ತಡವಿ ಹೊಲಿದವಳು ಅವಳೇ. ಗಟ್ಟಿ ದಾರ ಹಾಕಿದ್ದೆ ಎಂದಷ್ಟೇ ಅಂದಳು. ಅದು ಸಮಾಧಾನವೋ ವಿಷಾದವೋ ತಿಳಿಯಲಿಲ್ಲ.

ಗುರುವಾರ ಇನ್ನೊಂದು ಆರ್ಡರ್ ಬಂತು. ಬೇರೆ ದಿನವಾಗಿದ್ದರೆ ಗಿಳಿ ಕುಣಿದು ಮನೆ ಎಬ್ಬಿಸುತ್ತಿದ್ದಳು. ಹೊಸ ಕೆಲಸಕ್ಕೆ ಸೇರಲಿರುವ ಹುಡುಗಿಯೊಬ್ಬಳಿಗೆ ಬೂದು ಕೋಟು ಬೇಕಿತ್ತು, ಸೊಂಟ ಇಪ್ಪತ್ತೆಂಟು. ಅಕ್ಕ ಕಂದು ಕಾಗದ ಹರಡಿದಳು, ಪೆನ್ಸಿಲು ಹಿಡಿದಳು, ಇಪ್ಪತ್ತೆಂಟು ಎಂದು ತನಗೆ ತಾನೇ ಜೋರಾಗಿ ಹೇಳಿಕೊಂಡಳು. ಕೈ ಮೂವತ್ತು ಬರೆಯಿತು. ಅವಳು ನೋಡುತ್ತಿದ್ದಂತೆಯೇ ಬರೆಯಿತು. ಅಳಿಸಿ ಇನ್ನೊಮ್ಮೆ ಬರೆಯಲು ಹೋದರೆ ಪೆನ್ಸಿಲು ಮತ್ತೆ ಮೂವತ್ತರತ್ತಲೇ ತಿರುಗಿತು. ಹನ್ನೊಂದು ವರ್ಷ ಅನ್ನ ಕೊಟ್ಟ ಕೈಗೇ ಹೆದರಿ ಅವಳು ಪೆನ್ಸಿಲು ಕೆಳಗಿಟ್ಟಳು. ಆ ದಿನ ಮತ್ತೆ ಮೇಜಿನ ಹತ್ತಿರ ಹೋಗಲಿಲ್ಲ.

ಶುಕ್ರವಾರ ಮಧ್ಯಾಹ್ನ, ಅಮ್ಮನ ಮಾತ್ರೆ ತರುತ್ತೇನೆಂದು ಮನೆಯಿಂದ ಹೊರಟಳು. ಔಷಧಿ ಅಂಗಡಿ ದಾಟಿದ್ದು ಗೊತ್ತಾಗಲಿಲ್ಲ. ಗೊತ್ತಾದಾಗ ಟೈಲರ್ ಅಂಗಡಿಯ ಮೆಟ್ಟಿಲು ಹತ್ತಾಗಿತ್ತು.

ಒಳಗೆ ಇಸ್ತ್ರಿಯ ಬಿಸಿ ಆವಿಯ ಅದೇ ವಾಸನೆ. ಮಾಸ್ಟರ್ ಒಬ್ಬ ಹೆಂಗಸಿಗೆ ಅಳತೆ ತೆಗೆಯುತ್ತಿದ್ದರು. ಅಕ್ಕನನ್ನು ಕನ್ನಡಿಯಲ್ಲೇ ನೋಡಿ, ತಿರುಗದೆ, ಸೊಂಟ ಮೂವತ್ತನಾಲ್ಕು ಎಂದು ಕೂಗಿದರು. ಪರದೆಯ ಹಿಂದೆ ಬರೆದುಕೊಳ್ಳಲು ಯಾರೂ ಇರಲಿಲ್ಲ. ಮೂವತ್ತಾರು ಎಂದು ಅಕ್ಕನ ತುಟಿ ಅಲುಗಿತು. ಗಿರಾಕಿ ಹೊರಟ ಮೇಲೆ ಮಾಸ್ಟರ್ ಟೇಪು ಸುತ್ತುತ್ತಾ ನಕ್ಕರು. ಅವಳನ್ನು ಅವರು ಕರೆಯುತ್ತಿದ್ದುದೇ ಕತ್ತರಿ ಎಂದು.

"ಬಂದ್ಯಾ ಕತ್ತರಿ? ಬರ್ತೀಯ ಅಂತ ಗೊತ್ತಿತ್ತು ಬಿಡು. ಕಂಪ್ಯೂಟರ್‌ನೋರಿಗೆ ಅಳತೆ ತೆಗೆಯೋಕೆ ಬರುತ್ತೇನಮ್ಮಾ?"

ಮೇಜು ಖಾಲಿಯಿತ್ತು. ಅದರ ಒಂದು ಅಂಚು ಅವಳ ಮೊಣಕೈ ತಾಗಿ ತಾಗಿ ನುಣುಪಾಗಿತ್ತು. ಕತ್ತರಿ ಮೊಳೆಯಲ್ಲೇ ಇತ್ತು. ಇಲ್ಲಿದ್ದರೆ ಹೆದರಬೇಕಾದ್ದು ಏನೂ ಇಲ್ಲ ಎನ್ನಿಸಿತು ಅವಳಿಗೆ. ಅಳತೆ ತಪ್ಪಿದರೂ ಗಿರಾಕಿಯ ಎದುರು ನಿಲ್ಲುವುದು ಮಾಸ್ಟರ್. ಕೋಟಿನ ಕತ್ತಿನ ಪಟ್ಟಿಯಲ್ಲಿರುವುದು ಅವರ ಹೆಸರು. ಅವಳು ಪರದೆಯ ಹಿಂದಿನವಳು, ಅವಳ ಮುಖ ಯಾರಿಗೂ ಗೊತ್ತಿಲ್ಲ. ನಾಳೆಯಿಂದಲೇ ಬರುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಆಗ ಕೈಚೀಲದೊಳಗೆ ಫೋನು ಗುಂಯ್ ಎಂದಿತು. ಗಿಳಿಯ ಸಂದೇಶ. ಪಾರ್ಸೆಲ್ ಅವರ ಮನೆ ಮುಟ್ಟಿದೆ.

ಒಂದು ನಿಮಿಷ ಎಂದು ಮಾಸ್ಟರಿಗೆ ಹೇಳಿ ಅವಳು ಮೆಟ್ಟಿಲಿಗೆ ಬಂದಳು. ಅವರು ಕನ್ನಡಿಯ ಮುಂದೆ ನಿಂತು ತಪ್ಪು ಹುಡುಕುವುದಕ್ಕೆ ಮೊದಲೇ ತಾನೇ ಹೇಳಿಬಿಡಬೇಕು ಎನ್ನುವುದೊಂದೇ ತಲೆಯಲ್ಲಿತ್ತು. ಯೋಚನೆ ಮಾಡುತ್ತ ಕೂತರೆ ಧೈರ್ಯ ಕೈಕೊಡುತ್ತದೆಂದು ನಂಬರು ಒತ್ತಿದಳು. ಮೂರನೇ ರಿಂಗಿಗೆ ಟೀಚರ್ ಎತ್ತಿದರು.

"ಮೇಡಂ, ನಾನು ಕೋಟು ಹೊಲಿದವಳು. ಇನ್ನೂ ಹಾಕ್ಕೊಂಡಿಲ್ಲ ಅಂದ್ರೆ ಒಂದ್ನಿಮಿಷ ಕೇಳಿ. ನನ್ನಿಂದ ತಪ್ಪಾಗಿದೆ. ನೀವು ಕೊಟ್ಟ ಅಳತೆಗಿಂತ ಸೊಂಟಕ್ಕೂ ಎದೆಗೂ ಎರಡೆರಡಿಂಚು ಜಾಸ್ತಿ ಕತ್ತರಿಸಿಬಿಟ್ಟಿದೀನಿ."

ಆ ಕಡೆ ಬಾಗಿಲು ಹಾಕಿಕೊಂಡ ಸದ್ದು. ಅಕ್ಕ ಮೆಟ್ಟಿಲಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ನಿಮಗೆ ಯಾರು ಹೇಳಿದ್ರು?" ಎಂದರು ಟೀಚರ್. ದನಿ ತಗ್ಗಿಸಿದ್ದರು.

"ಏನನ್ನ ಮೇಡಂ?"

"ಸೊಂಟದ್ದು." ಅವರು ದನಿಯನ್ನು ಇನ್ನಷ್ಟು ತಗ್ಗಿಸಿದರು. "ಅಳತೆ ತೆಗೆದವಳು ನಮ್ಮ ನಾದಿನಿ. ನಾನೇ ಹೊಟ್ಟೆ ಒಳಗೆಳ್ಕೊಂಡು ನಿಂತಿದ್ದೆ. ಅವಳ ಮುಂದೆ ಮೂವತ್ತೆಂಟು ಅನ್ನಿಸ್ಕೊಳ್ಳೋಕೆ ಮನಸ್ಸಾಗ್ಲಿಲ್ಲ ಕಣಮ್ಮಾ. ಮೂರು ದಿನದಿಂದ ಒಂದೇ ಹೊತ್ತು ಊಟ ಮಾಡ್ತಿದೀನಿ, ಕೋಟು ಹಿಡಿಸ್ಲಿ ಅಂತ."

ಅಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈಗಲೇ ಹಾಕಿ ನೋಡಿ ಎಂದಳು. ಫೋನನ್ನು ಎಲ್ಲೋ ಇಟ್ಟ ಸದ್ದು, ಕವರು ಹರಿದ ಸದ್ದು, ಆಮೇಲೆ ಬಟ್ಟೆಯ ಸರಸರ. ಆ ಎರಡು ನಿಮಿಷ ಮೆಟ್ಟಿಲ ಮೇಲೆ ಹೋಗಿ ಬರುವವರ ಕಾಲುಗಳನ್ನಷ್ಟೇ ನೋಡುತ್ತ ನಿಂತಳು.

ಸೊಂಟ ಹೇಳಿ ಮಾಡಿಸಿದಂತಿದೆ ಎಂದರು ಟೀಚರ್. ಆದರೆ ಎದೆಯ ಹತ್ತಿರ ಜೋತುಬಿದ್ದಿದೆ. ಅಲ್ಲಿ ಅವರು ಸುಳ್ಳು ಹೇಳಿರಲಿಲ್ಲ.

ತಪ್ಪು ಅರ್ಧ ಹಾಗೇ ಉಳಿಯಿತು. ಅಕ್ಕ ಕಣ್ಣು ಮುಚ್ಚಿ ಕೋಟನ್ನು ಕಣ್ಣೆದುರು ತಂದುಕೊಂಡಳು, ಮೇಲಿನ ಗುಂಡಿ, ಎರಡನೆಯ ಗುಂಡಿ, ಗುಂಡಿ ತೂರಿಸುವ ಕಾಜಾ. ಸೂಜಿ ದಾರ ಇದೆಯೇ ಎಂದು ಕೇಳಿದಳು. ಮೇಲಿನ ಗುಂಡಿ ಬಿಚ್ಚಿ ಎರಡು ಬೆರಳಿನಷ್ಟು ಒಳಕ್ಕೆ, ಎರಡನೆಯದನ್ನು ಒಂದು ಬೆರಳಿನಷ್ಟು ಒಳಕ್ಕೆ ಹೊಲಿಯಬೇಕು, ಕೆಳಗಿನ ಮೂರನ್ನು ಮುಟ್ಟುವುದು ಬೇಡ ಎಂದು ಬಿಡಿಸಿ ಹೇಳಿದಳು. ಟೀಚರ್ ಬರೆದುಕೊಂಡರು, ತಿರುಗಿ ಓದಿ ಹೇಳಿದರು. ದಾರ ಯಾಕಿಷ್ಟು ಗಟ್ಟಿ, ಬಿಚ್ಚುವುದಕ್ಕೆ ಆಗುತ್ತಿಲ್ಲ ಎಂದು ಗೊಣಗಿದರು. ಅಮ್ಮ ಹೊಲಿದದ್ದು ಎಂದಳು ಅಕ್ಕ.

"ನೋಡೋಣ," ಎಂದರು ಟೀಚರ್. ಚೆನ್ನಾಗಿದೆ ಎನ್ನಲಿಲ್ಲ. ಚೆನ್ನಾಗಿಲ್ಲ ಎಂದೂ ಅನ್ನಲಿಲ್ಲ. ಫೋನು ಇಟ್ಟರು.

ಅಕ್ಕ ಅಂಗಡಿಯ ಬಾಗಿಲಿನತ್ತ ತಿರುಗಿದಳು. ಒಳಗೆ ಮಾಸ್ಟರ್ ಇನ್ನೊಬ್ಬ ಹೆಂಗಸಿಗೆ ಟೇಪು ಸುತ್ತುತ್ತಿದ್ದರು. ಅವಳು ಹೋಗಿ ಮೊಳೆಯಿಂದ ಕತ್ತರಿ ಇಳಿಸಿಕೊಂಡಳು. ಹೊಸಬಳನ್ನು ನಿಲ್ಲಿಸಿಕೊಳ್ಳಿ ಮಾಸ್ಟರ್ ಎಂದಳು. ಅವರು ಕನ್ನಡಿಯಲ್ಲೇ ಅವಳನ್ನು ನೋಡಿದರು. ನಾಳೆ ಹತ್ತರವರೆಗೂ ಟೈಮಿದೆ ಎಂದರು, ಅವಸರವಿಲ್ಲದವರಂತೆ. ಅದು ಇಷ್ಟು ಹೊತ್ತು ಕೇಳಿದ ಎಲ್ಲ ಮಾತಿಗಿಂತ ಹೆಚ್ಚು ಹೆದರಿಸಿತು.

ಶನಿವಾರ ಬೆಳಿಗ್ಗೆ ಮನೆಯಲ್ಲಿ ಯಾರೂ ಗಡಿಯಾರದ ಮಾತೆತ್ತಲಿಲ್ಲ, ಎಲ್ಲರೂ ಅದನ್ನೇ ನೋಡುತ್ತಿದ್ದರು. ಪುಟದಲ್ಲಿ ಒಂದು ಸಾಲೂ ಬಂದಿರಲಿಲ್ಲ. ಹನ್ನೊಂದಕ್ಕೆ ಮೊದಲು ಬರುವಂತೆಯೂ ಇರಲಿಲ್ಲ. ಗಿಳಿ ಉಗುರು ಕಚ್ಚುತ್ತ ಕೂತಿದ್ದಳು. ಈಗ ಹೊರಟರೆ ಹತ್ತಕ್ಕೆ ಮೇಜಿನ ಹತ್ತಿರ ಇರಬಹುದು ಎಂದು ಅಮ್ಮ ಯಾರಿಗೂ ಅಲ್ಲದಂತೆ ಹೇಳಿದಳು. ಹೋಗು ಎನ್ನಲಿಲ್ಲ, ಇರು ಎನ್ನಲಿಲ್ಲ.

ಹತ್ತಕ್ಕೆ ಐದು ನಿಮಿಷವಿದ್ದಾಗ ಅಕ್ಕ ಎದ್ದಳು. ಮೇಜಿನ ಮೇಲೆ ಗುರುವಾರದ ಕಂದು ಕಾಗದವನ್ನು ಮತ್ತೆ ಹರಡಿದಳು. ಅಳಿಸಿದ್ದ ಮೂವತ್ತು ಇನ್ನೂ ಮಸುಕಾಗಿ ಕಾಣುತ್ತಿತ್ತು. ಗೋಡೆಯ ಹೊಸ ಚೀಟಿಯಲ್ಲಿ ಇಪ್ಪತ್ತೆಂಟು ಇತ್ತು. ಎರಡರಲ್ಲಿ ಯಾವುದು ಸರಿ ಎಂದು ಹೇಳುವ ಮಾಸ್ಟರ್ ಇಲ್ಲಿರಲಿಲ್ಲ. ಆ ಹುಡುಗಿಯ ಮೈ ನೂರಾರು ಮೈಲಿ ಆಚೆಗಿತ್ತು, ಇಲ್ಲಿದ್ದುದು ಒಂದು ಅಂಕಿ ಮಾತ್ರ. ಮುಂದೆ ಬರುವ ಒಂದೊಂದು ಅಂಕಿಯ ಮುಂದೆಯೂ ಹೀಗೇ ಹೆದರಿಕೊಂಡು ನಿಲ್ಲಬೇಕಾಗುತ್ತದೆ ಎಂಬುದು ಅವಳಿಗೆ ಸ್ಪಷ್ಟವಾಗಿಯೇ ಹೊಳೆಯಿತು.

ಅವಳು ಫೋನು ಎತ್ತಿಕೊಂಡು ಆ ಹುಡುಗಿಯ ನಂಬರು ಒತ್ತಿದಳು. ಇನ್ನೊಂದು ಕೈಯಲ್ಲಿದ್ದ ಪೆನ್ಸಿಲು ಕಾಗದ ಮುಟ್ಟದಂತೆ ಎತ್ತಿ ಹಿಡಿದಿದ್ದಳು. ಆ ಕಡೆ ಹಲೋ ಎಂದಾಗ ಗಡಿಯಾರ ಹತ್ತು ದಾಟಿತ್ತು.

"ನಿಮ್ಮ ಕೋಟು ಹೊಲಿಯೋರು ಮಾತಾಡ್ತಿರೋದು," ಎಂದಳು ಅಕ್ಕ. "ಒಂದೇ ಒಂದು ವಿಷಯ ಕೇಳ್ಬೇಕಿತ್ತು, ತಪ್ಪು ತಿಳ್ಕೋಬೇಡಿ. ಅಳತೆ ತಗೊಳ್ಳೋವಾಗ ಪಕ್ಕದಲ್ಲಿ ಯಾರಾದ್ರೂ ಇದ್ರಾ?"