ಬುಟ್ಟಿ ಸಾಲಿಯ ನಲವತ್ತಾರು ರೊಟ್ಟಿ

ಚಿತ್ತಾಪುರದಿಂದ ವಾಡಿಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ, ಫರಸಿ ಕಲ್ಲಿನ ಚಪ್ಪಡಿ ನಿಲ್ಲಿಸಿ ಗೋಡೆ ಮಾಡಿದ ಒಂದು ಉದ್ದನೆಯ ಕೋಣೆ ಇದೆ. ಹದಿನೈದು ವರ್ಷ ಅದು ಶಾಲೆಯಾಗಿತ್ತು. ಗುರುಲಿಂಗಯ್ಯನವರು ಸರಕಾರಿ ನೌಕರಿ ಬಿಟ್ಟು ಬಂದು ಅದನ್ನು ತೆರೆದರು. ಅಲ್ಲಿ ಪರೀಕ್ಷೆ ಇರಲಿಲ್ಲ, ಬೆತ್ತ ಇರಲಿಲ್ಲ, ಒಂದನೆಯ ಕ್ಲಾಸು ಎರಡನೆಯ ಕ್ಲಾಸು ಅನ್ನುವುದೂ ಇರಲಿಲ್ಲ. ನಾನು ಅಮೃತಮ್ಮ, ಅಲ್ಲಿ ಕಸ ಹೊಡೆದು, ನೀರು ತುಂಬಿ, ಮಕ್ಕಳಿಗೆ ಬೇಳೆ ಕುದಿಸುತ್ತಿದ್ದೆ. ಎರಡನೆಯ ಇಯತ್ತೆ ದಾಟಿದವಳಲ್ಲ ನಾನು. ಓದುಬರಹ ಏನಾದರೂ ಬಂದಿದ್ದರೆ ಆ ಗೋಡೆಯ ಹಿಂದೆ ಕುಳಿತು ಕೇಳಿ ಬಂದದ್ದು.

ಊರವರು ಆ ಶಾಲೆಯನ್ನು ಬುಟ್ಟಿ ಸಾಲಿ ಅನ್ನುತ್ತಿದ್ದರು. ಬುಧವಾರ ಪ್ರತಿ ಮಗು ಮನೆಯಿಂದ ಎರಡು ರೊಟ್ಟಿ ತರಬೇಕು. ಎಲ್ಲವೂ ಒಂದೇ ಬುಟ್ಟಿಗೆ. ನಾನು ಕೈಯಾಡಿಸಿ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಮಾಡುತ್ತಿದ್ದೆ. ಆಮೇಲೆ ಮಕ್ಕಳು ಕಣ್ಣು ಮುಚ್ಚಿ ಎರಡೆರಡು ತೆಗೆದುಕೊಳ್ಳಬೇಕು. ಯಾರ ಮನೆಯ ರೊಟ್ಟಿ ಯಾರ ಬಾಯಿಗೆ ಹೋಯಿತೆಂದು ಯಾರಿಗೂ ತಿಳಿಯಬಾರದು. ಶರಣರ ಮಾತನ್ನು ಬಾಯಲ್ಲಿ ಹೇಳಿದರೆ ಸಾಲದು, ತಿನ್ನಬೇಕು ಎಂದು ಗುರುಲಿಂಗಯ್ಯನವರು ಅನ್ನುತ್ತಿದ್ದರು. ಮಾಂಸ ಮಾತ್ರ ತರಬಾರದು. ತಂದರೆ ಲಿಂಗಾಯತರು ತಮ್ಮ ಮಕ್ಕಳನ್ನು ಮರುದಿನವೇ ಬಿಡಿಸುತ್ತಾರೆಂದು ಅವರಿಗೂ ಗೊತ್ತಿತ್ತು.

ಇನ್ನೊಂದು ಪದ್ಧತಿ ಕಟ್ಟೆಯದು. ತಪ್ಪು ಮಾಡಿದ ಮಗುವನ್ನು ಹೊಡೆಯುತ್ತಿರಲಿಲ್ಲ, ಬೇವಿನ ಮರದ ಕಟ್ಟೆಯ ಮೇಲೆ ನಿಲ್ಲಿಸುತ್ತಿದ್ದರು. ಉಳಿದವರು ಒಬ್ಬೊಬ್ಬರಾಗಿ ಅದರ ಒಂದೊಂದು ತಪ್ಪು ಹೇಳಬೇಕು. ಸುಮ್ಮನಿರುವ ಹಾಗಿಲ್ಲ. ಬೆತ್ತದ ಏಟಾದರೆ ಸಂಜೆಗೆ ಇಳಿಯುತ್ತದೆ. ಇದು ಇಳಿಯುತ್ತಿರಲಿಲ್ಲ. ನಾನು ಒಲೆಯ ಮುಂದೆ ಕುಳಿತು ಹದಿನೈದು ವರ್ಷ ನೋಡಿದ್ದೇನೆ.

ಹೋದ ಫೆಬ್ರವರಿಯಲ್ಲಿ ಹಳೆಯ ಮಕ್ಕಳು ಒಂದು ಭಾನುವಾರ ಅಲ್ಲಿಯೇ ಕೂಡಿದರು. ಮುಂದೆ ನಿಂತು ಮಾಡಿಸಿದವನು ಶಂಕರಲಿಂಗ, ಸೇಡಂನಲ್ಲಿ ವಕೀಲ. ಕೆಲವರಿಂದ ನೆನಪು ಬರೆಸಿ, ತಾನೂ ಬರೆದು, ಪುಸ್ತಕ ಮಾಡಿಸಿದ್ದ. ನೂರು ಪ್ರತಿ ಮೇಜಿನ ಮೇಲೆ ಕಟ್ಟಿಟ್ಟಿದ್ದವು. ಊಟಕ್ಕೆ ಮೊದಲು ಗುರುಲಿಂಗಯ್ಯನವರ ಕೈಯಿಂದ ಬಿಚ್ಚಿಸಿ ಹಂಚುವುದು. ಅವರಿಗೆ ಈಗ ಎಂಬತ್ತೆರಡು. ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದರು. ಅಡುಗೆಗೆ ನನ್ನನ್ನು ಕರೆಸಿದ್ದರು.

ಹದಿನಾಲ್ಕು ಜನ ಬಂದಿದ್ದರು. ಹಾಡು ಹೇಳಿ ಶುರುಮಾಡಿದರೂ ಮಾತು ಬೇಗ ಹುಳಿಯಾಯಿತು. ಚಿಂಚೋಳಿಯಲ್ಲಿ ನರ್ಸ್ ಆಗಿರುವ ಶಿವರಂಜನಿ ಎದ್ದು ನಿಂತಳು.

“ಸರ್, ಹೊಗಳ್ರಿ ಅಂತ ಕರದಾರ. ನನಗ ಆಗೂದಿಲ್ರಿ. ಐದನೇತ್ತಿಗೆ ಶಹಾಬಾದಕ್ಕ ಹೋದಾಗ ನನಗ ಭಾಗಾಕಾರ ಬರ್ತಿರಲಿಲ್ಲ. ಬುಟ್ಟಿ ಬಂತು, ಬುಟ್ಟಿ ಬಂತು ಅಂತ ಇಡೀ ಕ್ಲಾಸು ನಗ್ತಿತ್ತು.”

“ಭಾಗಾಕಾರ ಬರಲಿಲ್ಲಂದ್ರ ಏನಾತು, ರೊಟ್ಟಿ ಹಂಚಲಿಕ್ಕ ಬಂತಲ್ಲ” ಎಂದ ಶಂಕರಲಿಂಗ. ನಾಲ್ಕು ಜನ ನಕ್ಕರು.

“ನೀ ನಗಬ್ಯಾಡೋ ಶಂಕ್ರ್ಯಾ. ನಾ ಹಾಸಿಗ್ಯಾಗ ಉಚ್ಚಿ ಹೊಯ್ತೀನಂತ ಕಟ್ಟಿ ಮುಂದ ಎಲ್ಲಾರಿಗೂ ಕೇಳೂವಂಗ ಹೇಳಿದಾಂವ ನೀನೇ.”

“ಏನರೆ ಒಂದು ಹೇಳಬೇಕಿತ್ತಲ್ಲ. ಸುಮ್ಮ ನಿಂತ್ರ ಸರ್ ಬಿಡ್ತಿರಲಿಲ್ಲ.”

“ಅದಕ್ಕ ಹುಡುಕಿ ಹುಡುಕಿ ಅದನ್ನೇ ಹೇಳ್ದಿ.”

ಗುರುಲಿಂಗಯ್ಯನವರು ಕೈಯೆತ್ತಿದರು. “ಖರೇ ಮಾತು ಹೇಳೂದು, ಕೇಳೂದು, ಎರಡೂ ಕಲೀಲಿ ಅಂತ ಮಾಡಿದ್ದು. ಈಗ ಎದ್ದು ನಿಂತು ನನಗೇ ಮಾತಾಡಾಕತ್ತೀ ಅಲ್ಲ, ಅದು ಎಲ್ಲಿಂದ ಬಂತು ತಂಗಿ?”

ಶಿವರಂಜನಿ ಕುಳಿತಳು. ಅಷ್ಟರಲ್ಲಿ ಹೊರಗೆ ಮೋಟಾರ್ ಸೈಕಲ್ ನಿಂತ ಸದ್ದಾಯಿತು. ಒಳಗೆ ಬಂದವನು ಜಿಲಾನಿ.

ಅವನನ್ನು ಯಾರೂ ಕರೆದಿರಲಿಲ್ಲ. ಶಾಲೆಯಲ್ಲಿ ಎರಡು ವರ್ಷವಷ್ಟೇ ಇದ್ದ. ಎಂಟನೆಯ ವಯಸ್ಸಿಗೆ ಬಿಟ್ಟು, ಅಪ್ಪನ ಜೊತೆ ಕಲ್ಲಿನ ಖಣಿಗೆ ಹೋದ. ಈಗ ವಾಡಿ ಸ್ಟೇಶನ್ನಿನ ಹತ್ತಿರ ಖಾನಾವಳಿ ಇಟ್ಟಿದ್ದಾನೆ. ಜೋಳದ ರೊಟ್ಟಿ, ಬೇಳೆ, ಪುಂಡಿಪಲ್ಯ. ಮಾಂಸದ ಮಾತೇ ಇಲ್ಲ. ಗಿರಾಕಿಗಳಲ್ಲಿ ಅರ್ಧಕ್ಕರ್ಧ ಲಿಂಗಾಯತರು.

“ಬಾರೋ ಜಿಲಾನಿ, ಕುಂದ್ರು. ಉಣ್ಣೂ ಹೊತ್ತಿಗಿ ಸರಿಯಾಗಿ ಬಂದಿ” ಎಂದ ಶಂಕರಲಿಂಗ.

“ಉಣ್ಣಾಕ ಬಂದಿಲ್ಲ. ನಿನ್ನ ಪುಸ್ತಕದ್ದು ಒಂದು ಹಾಳಿ ಹರೀಲಿಕ್ಕ ಬಂದೀನಿ.”

ಕಿಸೆಯಿಂದ ಫೋನ್ ತೆಗೆದು ಅವನು ನಿಂತಲ್ಲೇ ಓದಿದ. ಶಂಕರಲಿಂಗ ಆ ಪುಟದ ಫೋಟೋವನ್ನು ಮುಂಜಾನೆಯೇ ಹಳೆಯ ಮಕ್ಕಳ ವಾಟ್ಸಾಪ್ ಗ್ರೂಪಿಗೆ ಹಾಕಿದ್ದನಂತೆ. ಅಲ್ಲಿಂದ ಯಾರೋ ಮುಂದಕ್ಕೆ ಕಳಿಸಿದ್ದರು. ಬರೆದದ್ದು ಇಷ್ಟು: ‘ಗೆಳೆಯ ಜಿಲಾನಿ ಒಂದು ಬುಧವಾರ ರೊಟ್ಟಿಯೊಳಗೆ ಮಾಂಸದ ಖೀಮಾ ಮಡಿಚಿ ತಂದು ಇಡೀ ಶಾಲೆಯ ಬುಟ್ಟಿಯನ್ನು ಕೆಡಿಸಿದ. ಅದು ನನ್ನ ಪಾಲಿಗೇ ಬರಬೇಕೆ! ಕಟ್ಟೆಯ ಮೇಲೆ ನಿಲ್ಲಿಸಿದಾಗ, ತಾನು ಆ ದಿನ ರೊಟ್ಟಿಯನ್ನೇ ತಂದಿಲ್ಲವೆಂದು ಅತ್ತ. ಇಂದು ನೆನೆದರೆ ನಗು ಬರುತ್ತದೆ.’

“ನಗು ಬರ್ತದೇನು?” ಎಂದು ಕೇಳಿದ.

“ಸಣ್ಣವರಿದ್ದಾಗಿನ ಮಾತಲೇ ಅದು. ಮಜಾಕ್ ಬರದೀನಿ.”

“ನಿನ್ನ ಮಜಾಕು ವಾಡಿತನಾ ಬಂದದ. ದಿನಾ ಉಣ್ಣಾಕ ಬರೋ ಮಾಸ್ತರೊಬ್ಬರು ಇವತ್ತ ಬಂದು, ಬ್ಯಾಳ್ಯಾಗೂ ಏನರೆ ಹಾಕ್ತೀಯೇನೋ ಜಿಲಾನಿ ಅಂದ್ರು. ನಕ್ಕೋತ ಅಂದ್ರು. ಅಂದು, ಉಣ್ಣಲಾರದ ಹೋದ್ರು. ಕಾಲ ಹ್ಯಾಂಗದಂತ ನಿನಗ ನಾ ಹೇಳಬೇಕೇನು, ವಕೀಲ ಇದ್ದೀ. ಈ ನೂರು ಪುಸ್ತಕ ನೂರು ಮನಿಗಿ ಹೋದ್ರ ನಾ ನಾಳಿಗಿ ಒಲಿ ಹಚ್ಚೂದು ಯಾರಿಗಂತ?”

“ಹೆಸರು ತೆಗಸ್ತೀನಿ ಬಿಡು. ಒಬ್ಬ ಹುಡುಗ ಅಂತ ಚೀಟಿ ಅಂಟಿಸಿದ್ರಾತು.”

“ಸಾಲ್ಯಾಗ ಮುಸಲ್ಮಾನರ ಹುಡುಗ್ರು ಎಷ್ಟು ಮಂದಿ ಇದ್ರು? ನಾ ಒಬ್ಬಾಂವ.”

ಜಿಲಾನಿ ಗುರುಲಿಂಗಯ್ಯನವರ ಕುರ್ಚಿಯ ಮುಂದೆ ಹೋಗಿ ನಿಂತ.

“ಸರ್, ನಾ ತಂದಿಲ್ಲಂತ ಆವತ್ತೂ ಹೇಳಿದ್ದೆ. ಇವತ್ತು ನೀವು ಹೇಳ್ರಿ. ಇವರೆಲ್ಲಾರ ಮುಂದ.”

“ಹ್ಯಾಂಗ ಹೇಳ್ಲೋ? ಇಪ್ಪತ್ಮೂರು ಮಂದಿ ಮಕ್ಕಳು, ನಲವತ್ತಾರು ರೊಟ್ಟಿ. ನಾನೇ ಎಣಿಸಿದ್ದೆ. ನೀ ತಂದಿಲ್ಲಂದ್ರ ನಲವತ್ನಾಲ್ಕು ಇರಬೇಕಿತ್ತು.”

“ಅದೇ, ಅದೇ ಲೆಕ್ಕ!” ಜಿಲಾನಿಯ ಧ್ವನಿ ಏರಿತು. “ಮೂವತ್ತು ವರ್ಷಾತು ಅದೇ ಲೆಕ್ಕ ತಲ್ಯಾಗ ತಿರಗಲಿಕತ್ತದ. ನಮ್ಮವ್ವಗ ಆವತ್ತ ಜ್ವರ. ಒಲಿನೇ ಹಚ್ಚಿರಲಿಲ್ಲ ಅಕಿ. ಅಂಥಾಕಿನೂ ಕಡಿಗಿ ಏನಂದ್ಲು ಗೊತ್ತದ? ಬಾಜೂ ಮನ್ಯಾಗಿಂದ ಇಸಕೊಂಡು ಹೋಗಿದ್ಯೇನೋ, ಖರೇ ಹೇಳು ಅಂದ್ಲು. ಸರ್ ಸುಳ್ಳು ಎಣಸ್ತಾರೇನು ಅಂದ್ಲು. ಸಾಯೂತನಾ ಅಕಿಗಿ ನನ್ನ ಮ್ಯಾಲ ಅನುಮಾನ ಹೋಗಲಿಲ್ಲ.”

ನಾನು ಬಾಗಿಲ ಹತ್ತಿರ ಸೌಟು ಹಿಡಿದು ನಿಂತಿದ್ದೆ. ಅವನ ತಾಯಿ ಸೈದಾನಬಿ ನನಗೆ ಚೆನ್ನಾಗಿ ಗೊತ್ತಿದ್ದವಳು. ಹತ್ತಾರು ಸುಗ್ಗಿಯಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ಬಾಗಿ ತೊಗರಿ ಕೊಯ್ದಿದ್ದೇವೆ. ಅವಳು ಮಗನ ಮಾತು ತೆಗೆದಾಗಲೆಲ್ಲ ನಾನು ಕುಡುಗೋಲು ಮಸೆಯಲು ಎದ್ದು ಹೋಗುತ್ತಿದ್ದೆ.

ಆ ಎರಡು ರೊಟ್ಟಿ ನನ್ನವು.

ಆ ಬುಧವಾರ ಮುಂಜಾನೆ ಹುಡುಗ ಬರಿಗೈಯಲ್ಲಿ ಬಂದು, ಒಲೆಯ ಹಿಂದೆ ಅಡಗಿ ನಿಂತಿದ್ದ. ಹಿಂದಿನ ವಾರ ಒಬ್ಬ ಹುಡುಗಿ ರೊಟ್ಟಿ ತರದೆ ಬಂದದ್ದಕ್ಕೆ ಕಟ್ಟೆ ಹತ್ತಿಸಿದ್ದರು. ಅವಳ ಮೂಗಿನ ಸಿಂಬಳದಿಂದ ಹಿಡಿದು ಅವಳಪ್ಪನ ಕುಡಿತದವರೆಗೆ ಮಕ್ಕಳು ಹೇಳಿದ್ದವು. ಇವನಿಗೆ ಅದಾಗಬಾರದೆಂದು, ನನ್ನ ಊಟಕ್ಕೆ ತಂದಿದ್ದ ಎರಡು ಬರಿಯ ರೊಟ್ಟಿಯನ್ನು ಬುಟ್ಟಿಗೆ ಹಾಕಿದೆ. ಅವನಿಗೂ ಹೇಳಲಿಲ್ಲ, ಹುಡುಗ ಬಾಯಿಬಿಟ್ಟಾನೆಂದು. ಮನೆಯಿಂದಲೇ ತರಬೇಕೆಂಬುದು ಶಾಲೆಯ ಕಟ್ಟಳೆ. ಮುರಿದದ್ದು ಗೊತ್ತಾದರೆ ನನ್ನ ಕೆಲಸ ಹೋಗುತ್ತಿತ್ತು.

ಶಂಕರಲಿಂಗನ ಪಾಲಿಗೆ ಖೀಮಾ ಬಂತು, ಅವನು ಕಾರಿಕೊಂಡ. ಗುರುಲಿಂಗಯ್ಯನವರು ಯಾರದೆಂದು ಕೇಳುವ ಮೊದಲೇ ಮಕ್ಕಳು ಜಿಲಾನಿಯ ಕಡೆ ತಿರುಗಿದ್ದವು. ಆ ಶಾಲೆಯಲ್ಲಿ ಮಾಂಸ ತಿನ್ನುವ ಮನೆ ಹನ್ನೊಂದಿದ್ದವು. ಉಳಿದ ಹತ್ತನ್ನು ಯಾರೂ ಕೇಳಲಿಲ್ಲ. ನಾ ತಂದೇ ಇಲ್ಲರೀ ಎಂದ ಹುಡುಗ. ಲೆಕ್ಕ ಸರಿ ಇತ್ತು. ಮಾಂಸದ ತಪ್ಪಿನ ಮೇಲೆ ಸುಳ್ಳಿನ ತಪ್ಪೂ ಸೇರಿತು. ಇಪ್ಪತ್ತೆರಡು ಬಾಯಿ ಮುಗಿಯುವಾಗ ಅವನ ಚೊಣ್ಣ ಒದ್ದೆಯಾಗಿತ್ತು. ಅದನ್ನೂ ಒಬ್ಬ ತಪ್ಪೆಂದು ಹೇಳಿದ.

ನಾನು ಸೌಟು ಕೆಳಗಿಟ್ಟು ಮುಂದೆ ಬಂದೆ.

“ಜಿಲಾನಿ ತಂದಿರಲಿಲ್ಲ. ಅವನ ಪಾಲಿಂದು ಅಂತ ಎರಡು ರೊಟ್ಟಿ ಬುಟ್ಟಿಗಿ ಹಾಕಿದಾಕಿ ನಾನು. ಖೀಮಾ ಯಾರ ಮನಿದೋ ನನಗ ಗೊತ್ತಿಲ್ಲ. ಇವಂದಂತೂ ಅಲ್ಲ.”

“ಏನಂದಿ?” ಶಂಕರಲಿಂಗ ಎದ್ದ. “ಈಗ ಯಾಕ ಹೇಳ್ತಿ? ಅವ ಬಂದು ಚೀರಾಡಿದ್ನಂತ ಕರುಣಾ ಬಂತೇನು?”

“ಆವತ್ತ ಸಂಜಿಗೇ ಸರ್ ಮುಂದ ಹೇಳಿದ್ದೆ.”

ಎಲ್ಲರೂ ಗುರುಲಿಂಗಯ್ಯನವರನ್ನು ನೋಡಿದರು. ಅವರು ನನ್ನನ್ನು ನೋಡಿದರು.

“ನನಗ ನೆನಪಿಲ್ಲ, ಅಮೃತಾ.”

“ನನಗ ಅದರೀ. ನೀವು ಕೈ ತೊಳಕೊಳ್ಳಾಕತ್ತಿದ್ರಿ. ನಾನೇ ನೀರು ಹಾಕಾಕತ್ತಿದ್ದೆ. ಕಟ್ಟಿ ತಪ್ಪು ಮಾಡ್ಯದಂತ ಗೊತ್ತಾದ್ರ ಮಕ್ಕಳು ಮುಂದ ಕಟ್ಟಿ ನಂಬೂದಿಲ್ಲ, ಸುಮ್ಮನಿರು ಅಂದ್ರಿ. ನಾ ಸುಮ್ಮನಾದೆ.”

ಗುರುಲಿಂಗಯ್ಯನವರು ಕುರ್ಚಿಯ ಕೈ ಹಿಡಿದು ಮುಂದೆ ಬಾಗಿದರು. “ಎಲ್ಲಾ ಜಾತಿ ಮಕ್ಕಳನ್ನ ಒಂದು ಬುಟ್ಟ್ಯಾಗ ಉಣಿಸಿದೆ. ಈ ಭಾಗದಾಗ ಯಾರ ಮಾಡ್ಯಾರ ಹೇಳ್ರಿ. ಒಂದು ದಿನದ್ದು ಹಿಡಕೊಂಡು...”

“ಒಂದು ದಿನದ್ದು ನಿಮಗ ಸರ್” ಎಂದಳು ಶಿವರಂಜನಿ. ಆಮೇಲೆ ನನ್ನ ಕಡೆ ತಿರುಗಿ, “ನೀನೂ ಕಡಿಮಿ ಇಲ್ಲ ಬಿಡು, ಅಮೃತವ್ವ” ಎಂದಳು.

ಜಿಲಾನಿ ನನ್ನ ಹತ್ತಿರ ಬಂದ. ಅವನ ಮುಖದಲ್ಲಿ ಸಮಾಧಾನ ಕಾಣುತ್ತದೆಂದು ನಾನು ಎಲ್ಲೋ ಆಸೆಪಟ್ಟಿದ್ದೆ.

“ನೀನಾ?” ಎಂದ. “ನಮ್ಮವ್ವ ಸತ್ತು ಹದಿನಾಲ್ಕು ತಿಂಗಳಾತು. ಮಣ್ಣಿಗಿ ನೀನೂ ಬಂದಿದ್ದಿ. ಒಂದು ಸಲ, ಅಕಿ ಕಿವ್ಯಾಗ ಒಂದು ಮಾತು ಹೇಳಿದ್ರ ನಿನ್ನ ಗಂಟು ಏನು ಹೋಗ್ತಿತ್ತು?”

“ಏನೂ ಹೋಗ್ತಿರಲಿಲ್ಲಪ್ಪಾ.”

“ಮತ್ತ?”

ಮೊದಲ ವರ್ಷಗಳಲ್ಲಿ ಕೆಲಸದ ಹೆದರಿಕೆ. ಶಾಲೆ ಮುಚ್ಚಿದ ಮೇಲೆ ಆ ಹೆದರಿಕೆಯೂ ಇರಲಿಲ್ಲ. ಸುಮ್ಮನಿರುವುದು ರೂಢಿಯಾಗಿತ್ತು, ಅಷ್ಟೇ.

ಶಂಕರಲಿಂಗ ಚಾಕು ತರಿಸಿ ಕಟ್ಟು ಬಿಚ್ಚಿದ. ಹಾಳೆ ಹರಿಯೋಣ, ಜಗಳ ಬೇಡ ಎಂದ. ಒಂದು ಪುಸ್ತಕದಿಂದ ಹರಿದೂ ಹರಿದ.

“ಹಾಳಿ ಹರದ್ರ ಫೋನಿನ್ಯಾಗಿಂದು ಹರೀತದೇನು?” ಎಂದ ಜಿಲಾನಿ. ತನ್ನ ಫೋನನ್ನು ನನ್ನ ಮುಖದ ಮುಂದೆ ಹಿಡಿದ. “ಈಗ ಹೇಳಿದ್ದು ಮತ್ತ ಹೇಳು. ನಿನ್ನ ಹೆಸರು ಹೇಳು, ಊರು ಹೇಳು. ಸುಮ್ಮ ಕುಂತಿದ್ದೂ ಹೇಳು.”

ನಾನು ಹೇಳಿದೆ. ಸರ್ ಮುಂದೆ ಹೇಳಿದ್ದೆ ಎನ್ನುವಲ್ಲಿ ನನ್ನ ಧ್ವನಿ ಇಳಿಯಿತು. ಅವನು ನಿಲ್ಲಿಸಿದ.

“ಮೊದಲಿಂದ. ಯಾವ ಸರ್ ಅಂತನೂ ಹೇಳು.”

“ಅಮೃತಾ, ನನ್ನ ಹೆಸರು ಬ್ಯಾಡ” ಎಂದರು ಗುರುಲಿಂಗಯ್ಯನವರು. ಮೆಲ್ಲಗೆ ಅಂದರು. ಹದಿನೈದು ವರ್ಷ ಅದೇ ಧ್ವನಿಗೆ ನಾನು ನೀರು ತಂದಿದ್ದೇನೆ, ಕಸ ಹೊಡೆದಿದ್ದೇನೆ, ಬಾಯಿ ಮುಚ್ಚಿದ್ದೇನೆ. ಈ ಸಲ ಫೋನಿನ ಕಡೆಗೇ ನೋಡುತ್ತ ಅವರ ಹೆಸರನ್ನು ಪೂರ್ತಿ ಹೇಳಿದೆ. ಕೊನೆಯವರೆಗೆ ಧ್ವನಿ ಇಳಿಸಲಿಲ್ಲ.

ಜಿಲಾನಿ ಅದನ್ನು ಒಮ್ಮೆ ಕೇಳಿ ನೋಡಿದ. “ಮುಂಜಾನೆ ಫೋಟೋ ಕಳಿಸಿದವರಿಗೇ ಇದನ್ನೂ ಕಳಿಸೀನಿ, ಗ್ರೂಪಿಗಿ ಅವರೇ ಹಾಕ್ತಾರ” ಎಂದು ಫೋನನ್ನು ಕಿಸೆಗೆ ಹಾಕಿಕೊಂಡ.

“ಒಂದು ತುತ್ತು ಉಂಡು ಹೋಗಪ್ಪಾ” ಎಂದೆ.

“ನಿನ್ನ ಕೈದು ಬ್ಯಾಡ.”

ಅವನ ಗಾಡಿಯ ಸದ್ದು ರಸ್ತೆ ಮುಟ್ಟುವ ಮೊದಲೇ ಕೋಣೆಯಲ್ಲಿ ಫೋನುಗಳು ಟಿಣ್ ಟಿಣ್ ಎನ್ನತೊಡಗಿದವು. ಒಬ್ಬರ ಕಿಸೆಯಲ್ಲಿ, ಇನ್ನೊಬ್ಬರ ಚೀಲದಲ್ಲಿ. ಗುರುಲಿಂಗಯ್ಯನವರ ಜುಬ್ಬಾದಲ್ಲೂ ಒಂದು ಟಿಣ್ ಎಂದಿತು. ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಎಲ್ಲರೂ ಕೈಯೊಳಗೆ ನೋಡುತ್ತಿದ್ದರು. ನನ್ನ ಧ್ವನಿ ಒಂದು ಮೂಲೆಯಲ್ಲಿ ಹೆಸರು ಹೇಳುತ್ತಿತ್ತು, ಇನ್ನೊಂದು ಮೂಲೆಯಲ್ಲಿ ಆಗಲೇ ರೊಟ್ಟಿಯವರೆಗೆ ಬಂದಿತ್ತು. ಬೇಳೆ ತಳ ಹಿಡಿದ ವಾಸನೆ ಬಂತು. ಇಳಿಸಲು ಹೋದೆ.